ಕಡೇ ಸಾಲಿನವರಿಗೂ ಹಾಡಿದ ಫ್ರೆಡ್ಡಿ

ಬ್ರಿಟನ್‌ನ ಕ್ವೀನ್ ಅನ್ನೋ ರಾಕ್ ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಅಭಿಮಾನಿಗಳು ಇಬ್ಬರು ಕೂತರೆ ಮಾತು ಶುರುವಾಗುವುದೇ ಬಟ್ಟೆಯಿಂದ. 1974ರಲ್ಲಿ ವಸ್ತ್ರ ವಿನ್ಯಾಸಕಿ ಝಾಂಡ್ರಾ ರೋಡ್ಸ್ ಮಾಡಿಕೊಟ್ಟ ಬಿಳಿ ನೆರಿಗೆ ಅಂಗಿ, ಕೈ ಎತ್ತಿದರೆ ರೆಕ್ಕೆ ಬಿಚ್ಚಿಕೊಳ್ಳುತ್ತಿದ್ದದ್ದು. ಆಮೇಲೆ ಮೈಗೆ ಅಂಟಿಕೊಂಡ ಕಪ್ಪು ಬಿಳಿ ಚೌಕಗಳ ಉಡುಪು. 1986ರ ಹಳದಿ ಜಾಕೆಟ್. ಅದೇ ವರ್ಷ ಕಾರ್ಯಕ್ರಮದ ಕೊನೆಗೆ ಹಾಕಿಕೊಂಡು ಬರುತ್ತಿದ್ದ ಕಿರೀಟ ಮತ್ತು ನೆಲ ಗುಡಿಸುವಷ್ಟು ಉದ್ದದ ಕೆಂಪು ನಿಲುವಂಗಿ. ಮೀಸೆ ಬಂದದ್ದು ಯಾವಾಗ, ಉದ್ದ ಕೂದಲು ಹೋದದ್ದು ಯಾವಾಗ, ಯಾವ ಫ್ರೆಡ್ಡಿ ಚೆಂದ, ಇದರ ಮೇಲೆ ಗಂಟೆಗಟ್ಟಲೆ ವಾದ ನಡೆಯುತ್ತದೆ.

ನನಗೂ ಈ ವಾದ ಇಷ್ಟ. ಆದರೆ ಅವನ ಕಾರ್ಯಕ್ರಮಗಳಿಗೆ ಹೋಗಿ ಬಂದವರ ನೆನಪುಗಳನ್ನು ವರ್ಷಗಟ್ಟಲೆ ಓದಿದ ಮೇಲೆ, ಕೇಳಿದ ಮೇಲೆ, ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಬಟ್ಟೆಯಿಂದ ಶುರು ಮಾಡಿದವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಅವನು ನನಗೋಸ್ಕರ ಹಾಡಿದ ಅಂತಾರೆ. ಎಪ್ಪತ್ತು ಸಾವಿರ ಜನರ ಹಿಂದೆ, ವೇದಿಕೆ ಬೆರಳುದ್ದ ಕಾಣುವ ಜಾಗದಲ್ಲಿ ನಿಂತಿದ್ದವರೂ ಹಾಗೇ ಅಂತಾರೆ.

ನಾನು ಬಾಗಲಕೋಟೆ ಕಡೆಯವಳು. ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಆ ನಟರ ಬಟ್ಟೆಗೆ ಹೊಳಪು ಜಾಸ್ತಿ, ಬಣ್ಣ ಜಾಸ್ತಿ, ಕೈ ಬೀಸುವುದೂ ಜಾಸ್ತಿ. ಹತ್ತಿರದಿಂದ ನೋಡಿದರೆ ಅತಿ ಅನ್ನಿಸುತ್ತದೆ. ಆದರೆ ಅದು ಮುಂದಿನ ಕುರ್ಚಿಯವರಿಗೆ ಮಾಡಿದ್ದಲ್ಲ, ಟೆಂಟಿನ ಕಡೆಯಲ್ಲಿ ನೆಲದ ಮೇಲೆ ಕೂತವನಿಗೆ ಮಾಡಿದ್ದು. ಫ್ರೆಡ್ಡಿಯ ಆಡಂಬರವನ್ನು ನಾನು ಹಾಗೇ ನೋಡುತ್ತೇನೆ. ಅದು ಜಂಬ ಅಲ್ಲ. ದೂರದವರನ್ನು ಹತ್ತಿರ ಎಳೆದುಕೊಳ್ಳುವ ದಾರಿ.

ಅವನ ಕೈಯಲ್ಲಿರುತ್ತಿದ್ದ ಆ ಅರ್ಧ ಮೈಕ್ ಸ್ಟ್ಯಾಂಡ್ ನೋಡಿ. ಶುರುವಿನ ದಿನಗಳಲ್ಲಿ ಒಂದು ಕಾರ್ಯಕ್ರಮದ ನಡುವೆ ಸ್ಟ್ಯಾಂಡ್ ಮುರಿದು ಮೇಲಿನ ತುಂಡು ಕೈಗೆ ಬಂತಂತೆ, ಅವನು ಅದನ್ನೇ ಹಿಡಿದು ಹಾಡು ಮುಂದುವರಿಸಿದ. ಆಮೇಲೆ ಅದೇ ಗುರುತಾಗಿ ಉಳಿಯಿತು. ಅದು ಗಿಟಾರ್ ಆಗುತ್ತಿತ್ತು, ರಾಜದಂಡ ಆಗುತ್ತಿತ್ತು, ಜನರ ಕಡೆ ತೋರಿಸುವ ಬೆರಳೂ ಆಗುತ್ತಿತ್ತು.

ಗೊತ್ತಿಲ್ಲದವರಿಗೆ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಜಾಂಜಿಬಾರ್‌ನಲ್ಲಿ. ಹೆಸರು ಫಾರೂಖ್ ಬುಲ್ಸಾರಾ. ಗುಜರಾತ್ ಮೂಲದ ಪಾರ್ಸಿ ಮನೆ, ತಂದೆ ಬೋಮಿ ಅಲ್ಲಿನ ಬ್ರಿಟಿಷ್ ಸರ್ಕಾರದ ಕ್ಯಾಶಿಯರ್. ಎಂಟು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಓದೋಕೆ ಕಳಿಸಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ. ಫ್ರೆಡ್ಡಿ ಅನ್ನೋ ಹೆಸರು ಬಿದ್ದದ್ದು ಅಲ್ಲೇ. ದಿ ಹೆಕ್ಟಿಕ್ಸ್ ಅಂತ ಹುಡುಗರ ತಂಡ ಕಟ್ಟಿ ಪಿಯಾನೊ ನುಡಿಸಿದ್ದೂ ಅಲ್ಲೇ. 1964ರಲ್ಲಿ ಜಾಂಜಿಬಾರ್‌ನಲ್ಲಿ ಕ್ರಾಂತಿಯಾದಾಗ ಮನೆಯವರೆಲ್ಲ ಇಂಗ್ಲೆಂಡಿಗೆ ಹೋದರು. ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿದ, ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ರೋಜರ್ ಟೇಲರ್ ಜೊತೆ ಹಳೇ ಬಟ್ಟೆ ಮಾರಿದ, 1970ರಲ್ಲಿ ಅದೇ ಟೇಲರ್ ಮತ್ತು ಬ್ರಯಾನ್ ಮೇ ಜೊತೆ ಕ್ವೀನ್ ಶುರು ಮಾಡಿದ. ಮರುವರ್ಷ ಜಾನ್ ಡೀಕನ್ ಸೇರಿದ. ತಂಡದ ಲಾಂಛನ ಬರೆದದ್ದೂ ಫ್ರೆಡ್ಡಿಯೇ.

ಪಂಚಗಣಿಗೆ ನಾನು ಹೋಗಿದ್ದೇನೆ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಕಾಣುವುದು ಕೃಷ್ಣಾ ಕಣಿವೆ. ಪಕ್ಕದ ಮಹಾಬಳೇಶ್ವರದಲ್ಲಿ ಹುಟ್ಟಿ ನಮ್ಮ ಆಲಮಟ್ಟಿಗೆ ಬರುವ ಹೊಳೆ ಅದು. ಅಪ್ಪ ಅಮ್ಮನಿಂದ ಸಮುದ್ರದಾಚೆ ಇದ್ದ ಒಬ್ಬ ಚಿಕ್ಕ ಹುಡುಗ ಈ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದ ಅನ್ನೋದು ನೆನಪಾಗಿ ನನಗೆ ಅಲ್ಲಿಂದ ಬೇಗ ಹೊರಡೋಕೆ ಆಗಲಿಲ್ಲ. ಅವನು ಈ ದಿನಗಳ ಬಗ್ಗೆ ಮುಂದೆ ಜಾಸ್ತಿ ಮಾತಾಡಲಿಲ್ಲ ಅಂತ ನಮ್ಮಲ್ಲಿ ಕೆಲವರಿಗೆ ಬೇಜಾರಿದೆ. ನನಗಿಲ್ಲ. ಎಪ್ಪತ್ತರ ದಶಕದ ಲಂಡನ್‌ನಲ್ಲಿ ಕಂದು ಮೈಬಣ್ಣದ ಹುಡುಗನೊಬ್ಬ ರಾಕ್ ಹಾಡುಗಾರ ಆಗಬೇಕಿತ್ತು, ಅವನು ಏನು ಹೇಳಬೇಕು ಏನು ಬಿಡಬೇಕು ಅನ್ನೋದು ಅವನಿಗೆ ಬಿಟ್ಟದ್ದು.

ಈಗ ಲೈವ್ ಏಡ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲ ಅಭಿಮಾನಿಗಳೂ ಅಲ್ಲಿಗೇ ಬರುತ್ತಾರೆ. 1985ರ ಜುಲೈ 13, ಲಂಡನ್‌ನ ವೆಂಬ್ಲಿ ಸ್ಟೇಡಿಯಂ. ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ಹಾಡುಗಾರ ಬಾಬ್ ಗೆಲ್ಡಾಫ್ ಮುಂದೆ ನಿಂತು ಮಾಡಿದ ಕಾರ್ಯಕ್ರಮ. ಸುಮಾರು 72,000 ಜನ. ಅವರು ಕ್ವೀನ್‌ಗೋಸ್ಕರವೇ ಬಂದ ಜನ ಅಲ್ಲ, ಹತ್ತಾರು ತಂಡಗಳನ್ನು ನೋಡೋಕೆ ಬಂದವರು. ಕ್ವೀನ್ ಹೆಸರು ಆಗ ಸ್ವಲ್ಪ ಮಂಕಾಗಿಯೂ ಇತ್ತು. ಹಿಂದಿನ ವರ್ಷ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ, ಅಲ್ಲಿನ ವರ್ಣಭೇದ ನೀತಿಗಾಗಿ ಕಲಾವಿದರು ಅಲ್ಲಿಗೆ ಹೋಗಬಾರದು ಅಂತ ಬಹಿಷ್ಕಾರ ಇದ್ದಾಗಲೇ ಇವರು ಹೋಗಿ ಹಾಡಿ ಬಂದಿದ್ದರು. ಅದು ತಪ್ಪೇ. ಅಭಿಮಾನಿಗಳಾಗಿ ನಾವು ಅದನ್ನು ಮುಚ್ಚಿಡಬಾರದು.

ಅವತ್ತು ಸಂಜೆ ಅವನು ವೇದಿಕೆಗೆ ಓಡಿ ಬಂದಾಗ ಇನ್ನೂ ಬೆಳಕಿತ್ತು. ಹೊಗೆ ಇಲ್ಲ, ಲೈಟಿನ ಆಟ ಇಲ್ಲ, ಕಿರೀಟ ಇಲ್ಲ. ಬಿಳಿ ಬನಿಯನ್, ತಿಳಿ ನೀಲಿ ಜೀನ್ಸ್, ತೋಳಿಗೊಂದು ಮೊಳೆ ಬಡಿದ ಪಟ್ಟಿ, ಅಷ್ಟೇ. ಹೋಗಿ ಪಿಯಾನೊ ಮುಂದೆ ಕೂತ. ಪಿಯಾನೊ ಮೇಲೆ ಪೆಪ್ಸಿ ಲೋಟಗಳು. ಬೊಹೀಮಿಯನ್ ರಾಪ್ಸಡಿಯ ಮೊದಲ ನಾಲ್ಕು ಸ್ವರ ಕೇಳಿದ್ದೇ ಜನ ಕೂಗಿದರು. ಆರು ನಿಮಿಷಕ್ಕೆ ಐದೇ ಸೆಕೆಂಡು ಕಮ್ಮಿ ಇರುವ ಹಾಡು ಅದು, 1975ರಲ್ಲಿ ಇಷ್ಟುದ್ದದ ಹಾಡನ್ನು ಯಾವ ರೇಡಿಯೊ ಹಾಕುತ್ತದೆ ಅಂತ ಕೇಳಿದವರಿದ್ದರು, ಅದು ಬ್ರಿಟನ್‌ನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. ವೆಂಬ್ಲಿಯಲ್ಲಿ ಅದರ ಮೊದಲ ಭಾಗ ಮಾತ್ರ ಹಾಡಿ ಎದ್ದು, ಅರ್ಧ ಸ್ಟ್ಯಾಂಡ್ ಕೈಗೆ ತಗೊಂಡು, ರೇಡಿಯೊ ಗಾಗಾ ಎತ್ತಿಕೊಂಡ.

ಆ ಹಾಡಿಗೆ ತಲೆ ಮೇಲೆ ಕೈ ಎತ್ತಿ ಎರಡು ಚಪ್ಪಾಳೆ ಹೊಡೆಯುವ ಕ್ರಮ ಇದೆ. ಅದು ಶುರುವಾದದ್ದು 1984ರ ಹಾಡಿನ ವಿಡಿಯೊದಲ್ಲಿ, ಅದರಲ್ಲಿ ಚಪ್ಪಾಳೆ ಹೊಡೆಯುವವರು ಅಭಿಮಾನಿ ಸಂಘದ ಸದಸ್ಯರೇ. ವೆಂಬ್ಲಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಕ್ಯಾಮೆರಾ ಹಿಂದಿನಿಂದ ಮೇಲೇರುತ್ತದೆ, ಇಡೀ ಮೈದಾನದ ಕೈಗಳು ಒಟ್ಟಿಗೆ ಮೇಲೆ ಹೋಗಿ ಎರಡು ಸಲ ಬಡಿದು ಇಳಿಯುತ್ತವೆ. ಎಷ್ಟು ಸಲ ನೋಡಿದರೂ ನನ್ನ ರೋಮ ನಿಲ್ಲುತ್ತದೆ.

ಅದಾದ ಮೇಲೆ ಆ ಕೂಗು. ಫ್ರೆಡ್ಡಿ ಒಬ್ಬನೇ ಮುಂದೆ ಬಂದು ನಿಂತು "ಏ...ಓ" ಅಂತಾನೆ, ಜನ "ಏ...ಓ" ಅಂತಾರೆ. ಅವನು ಸ್ವರ ತಿರುಗಿಸುತ್ತಾನೆ, ಅವರೂ ತಿರುಗಿಸುತ್ತಾರೆ. ಅವನು ಒಂದು ಸ್ವರ ಹಿಡಿದು ಎಳೆಯುತ್ತಾನೆ, ಎಳೆಯುತ್ತಲೇ ಇರುತ್ತಾನೆ, ಉಸಿರು ಎಲ್ಲಿಂದ ಬರುತ್ತಿದೆ ಅಂತ ನಾವು ನೋಡುತ್ತಿದ್ದರೆ ಆ ಎಪ್ಪತ್ತು ಸಾವಿರ ಜನ ಅದನ್ನೂ ಹಿಡಿದು ವಾಪಸ್ ಕೊಡುತ್ತಾರೆ. ಇದರಲ್ಲಿ ಪದ ಇಲ್ಲ, ವಾದ್ಯ ಇಲ್ಲ. ಹಾಡೋಕೆ ಬಾರದವರೂ ಸೇರಿಕೊಳ್ಳಬಹುದು. ಕಡೇ ಸಾಲಿನಲ್ಲಿದ್ದವರ ಕೂಗು ವೇದಿಕೆ ತಲುಪುತ್ತಿತ್ತು, ಅವನು ಅದಕ್ಕೆ ಉತ್ತರ ಕೊಡುತ್ತಿದ್ದ. ನನಗೋಸ್ಕರ ಹಾಡಿದ ಅಂತ ಅವರು ಹೇಳುವುದು ಸುಮ್ನೆ ಅಲ್ಲ. ಎಲ್ಲ ಸೇರಿ ಇಪ್ಪತ್ತು ನಿಮಿಷ ಚಿಲ್ಲರೆ. ಬಟ್ಟೆ, ಬೆಳಕು ಏನೂ ಇಲ್ಲದೆ ಅವನು ಫ್ರೆಡ್ಡಿಯಾಗಿಯೇ ಇದ್ದ.

ಅದೇ ವರ್ಷ ಜನವರಿಯಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ನಡೆದದ್ದು ಇನ್ನೊಂದು ಬಗೆ. ಬ್ರಯಾನ್ ಮೇ ಒಂದು ಗಿಟಾರ್ ಹಿಡಿದು ಕೂತಿದ್ದಾನೆ, ಲವ್ ಆಫ್ ಮೈ ಲೈಫ್ ಹಾಡು. ಪೋರ್ಚುಗೀಸ್ ಮಾತಾಡುವ ಜನ ಅದರ ಇಂಗ್ಲಿಷ್ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಫ್ರೆಡ್ಡಿ ಹಾಡುವುದು ನಿಲ್ಲಿಸಿ ಅವರಿಗೇ ಬಿಟ್ಟುಬಿಟ್ಟ, ಮೈಕ್ ಹಿಡಿದು ಕೇಳುತ್ತಾ ನಿಂತ.

ನನಗೆ ಎಲ್ಲಕ್ಕಿಂತ ಪ್ರೀತಿ ಬುಡಾಪೆಸ್ಟ್ ಮೇಲೆ. 1986ರ ಜುಲೈ 27. ಆಗಿನ್ನೂ ಕಮ್ಯುನಿಸ್ಟ್ ಆಡಳಿತ, ಪಶ್ಚಿಮದ ಇಷ್ಟು ದೊಡ್ಡ ರಾಕ್ ತಂಡವೊಂದು ಅಲ್ಲಿ ಸ್ಟೇಡಿಯಂನಲ್ಲಿ ಹಾಡುವುದು ಅಂದರೆ ದೊಡ್ಡ ಸಂಗತಿ. ನಡುವೆ ಫ್ರೆಡ್ಡಿ ಹಂಗೇರಿಯ ಒಂದು ಜನಪದ ಹಾಡು ಎತ್ತಿದ, ವಸಂತದ ಗಾಳಿಯ ಹಾಡು, ಅಲ್ಲಿನ ಮಕ್ಕಳಿಗೂ ಬರುವಂಥದ್ದು. ಪದಗಳನ್ನು ಅಂಗೈ ಮೇಲೆ ಬರೆದುಕೊಂಡಿದ್ದ. ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ, ಒಂದು ಸಾಲು ಹಾಡುತ್ತಾನೆ, ಅಂಗೈ ನೋಡುತ್ತಾನೆ, ಮುಂದಿನ ಸಾಲು ಹಾಡುತ್ತಾನೆ. ಮುಚ್ಚಿಡುವ ಪ್ರಯತ್ನವೇ ಇಲ್ಲ, ಕೈ ಎತ್ತಿ ತೋರಿಸಿಯೇ ಓದುತ್ತಾನೆ. ಜನ ಮೊದಲು ಬೆಚ್ಚಿ, ಆಮೇಲೆ ಕಿರುಚಿ, ಆಮೇಲೆ ಜೊತೆಗೆ ಹಾಡುತ್ತಾರೆ. ಅಷ್ಟು ದೊಡ್ಡ ಹಾಡುಗಾರ ಪರೀಕ್ಷೆಗೆ ಬಂದ ಹುಡುಗನ ಥರ ಅಂಗೈ ನೋಡಿಕೊಂಡು ಪರಭಾಷೆ ಹಾಡುತ್ತಾನೆ ಅಂದರೆ, ಎದುರಿಗಿದ್ದವರ ಮೇಲೆ ಎಷ್ಟು ಅಕ್ಕರೆ ಇರಬೇಕು ಅಲ್ವಾ?

ವೇದಿಕೆ ಇಳಿದರೆ ಬೇರೆ ಮನುಷ್ಯ. ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು, ಅದರಿಂದ ಮುಂದಿನ ಹಲ್ಲು ಉಬ್ಬಿದ್ದವು. ತೆಗೆಸಿದರೆ ಧ್ವನಿ ಕೆಟ್ಟೀತು ಅಂತ ತೆಗೆಸಲಿಲ್ಲ. ಸಂದರ್ಶನಗಳಲ್ಲಿ ಗಮನಿಸಿ, ನಗು ಬಂದಾಗ ಮೇಲ್ತುಟಿ ಎಳೆದುಕೊಂಡು ಹಲ್ಲು ಮುಚ್ಚುತ್ತಾನೆ, ಇಲ್ಲದಿದ್ದರೆ ಕೈ ಅಡ್ಡ ಬರುತ್ತದೆ. ಹಾಡುವಾಗ ಮಾತ್ರ ಅದೆಲ್ಲ ಮರೆತು ಬಾಯಿ ತುಂಬ ತೆರೆಯುತ್ತಾನೆ. ಮನೆಯಲ್ಲಿ ಬೆಕ್ಕುಗಳು. 1985ರ ತನ್ನ ಒಂಟಿ ಆಲ್ಬಮ್ಮನ್ನು ಜೆರ್ರಿ ಅನ್ನೋ ಬೆಕ್ಕಿಗೆ, ಜೊತೆಗೆ ಲೋಕದ ಬೆಕ್ಕು ಪ್ರಿಯರಿಗೆಲ್ಲ ಅರ್ಪಿಸಿದ್ದಾನೆ. ಡಿಲೈಲಾ ಅನ್ನೋ ಬೆಕ್ಕಿನ ಮೇಲೆ ಹಾಡೇ ಇದೆ.

1986ರ ಆಗಸ್ಟ್ 9ರಂದು ನೆಬ್‌ವರ್ತ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅದು ಫ್ರೆಡ್ಡಿ ಇದ್ದ ಕ್ವೀನ್‌ನ ಕೊನೆಯ ಕಾರ್ಯಕ್ರಮ, ಯಾರಿಗೂ ಆಗ ಗೊತ್ತಿರಲಿಲ್ಲ. ಕೊನೆಯ ವಿಡಿಯೊ 1991ರ ಮೇ ತಿಂಗಳಿನದು, ಕಪ್ಪು ಬಿಳುಪು, ಕೃಶವಾದ ಮುಖ, ಬೆಕ್ಕುಗಳ ಚಿತ್ರದ ವೇಸ್ಟ್‌ಕೋಟ್. ಮುಗಿಯುವಾಗ ಕ್ಯಾಮೆರಾ ಕಡೆ ನೋಡಿ, ನಿಮ್ಮನ್ನು ಈಗಲೂ ಪ್ರೀತಿಸುತ್ತೇನೆ ಅನ್ನೋ ಅರ್ಥದ ಸಾಲನ್ನು ಪಿಸುಗುಟ್ಟುತ್ತಾನೆ. ನಾನು ಅದನ್ನು ಜಾಸ್ತಿ ನೋಡೋಕೆ ಹೋಗುವುದಿಲ್ಲ. ನವೆಂಬರ್ 23ರಂದು ತನಗೆ ಏಡ್ಸ್ ಇದೆ ಅಂತ ಪ್ರಕಟಿಸಿದ, ಮರುದಿನ ಸಂಜೆ ಕೆನ್ಸಿಂಗ್ಟನ್‌ನ ಗಾರ್ಡನ್ ಲಾಡ್ಜ್ ಮನೆಯಲ್ಲಿ ತೀರಿಕೊಂಡ. ವಯಸ್ಸು 45. ಅಂತ್ಯಕ್ರಿಯೆ ಪಾರ್ಸಿ ವಿಧಿಯಲ್ಲೇ ನಡೆಯಿತು.

ಅವತ್ತಿನಿಂದ ಜನ ಆ ಮನೆಯ ಗೋಡೆಗೆ, ತೋಟದ ಹಸಿರು ಬಾಗಿಲಿಗೆ ಪತ್ರ ಅಂಟಿಸಿದರು, ಹೂ ಇಟ್ಟರು, ಪೆನ್ನಿನಲ್ಲಿ ಬರೆದರು. ಬೇರೆ ಬೇರೆ ದೇಶದ ಬೇರೆ ಬೇರೆ ಭಾಷೆ. 2023ರಲ್ಲಿ ಅವನ ವಸ್ತುಗಳು ಸದಬೀಸ್‌ನಲ್ಲಿ ಹರಾಜಾದವು. ಅದಕ್ಕೆ ಮೊದಲು ಒಂದು ತಿಂಗಳು ಉಚಿತವಾಗಿ ನೋಡೋಕೆ ಇಟ್ಟಿದ್ದರು, ಸುಮಾರು 1,40,000 ಜನ ಸಾಲು ನಿಂತು ನೋಡಿದರು. ಕಿರೀಟ ಮಾರಾಟವಾಯಿತು, ಬೊಹೀಮಿಯನ್ ರಾಪ್ಸಡಿ ಕಟ್ಟಿದ ಯಮಹಾ ಪಿಯಾನೊ ಮಾರಾಟವಾಯಿತು. ಆ ಬಾಗಿಲೂ ಹೋಯಿತು, 4 ಲಕ್ಷ ಪೌಂಡ್‌ಗೂ ಜಾಸ್ತಿಗೆ. ಬಾಗಿಲಿಗೆ ಆ ಬೆಲೆ ತಂದದ್ದು ಅಭಿಮಾನಿಗಳ ಕೈಬರಹ. ವಸ್ತುಗಳು ಹೀಗೆ ಚದುರಿದ್ದು ನನಗೆ ಹಿಡಿಸಲಿಲ್ಲ, ಒಂದೇ ಕಡೆ ಇರಬೇಕಿತ್ತು. ಆದರೆ ಬಾಗಿಲಿನ ಸುದ್ದಿ ಓದಿ ಕಣ್ಣು ತುಂಬಿತು.

ಸ್ವಿಟ್ಜರ್‌ಲೆಂಡಿನ ಮಾಂಟ್ರೊದಲ್ಲಿ ಸರೋವರಕ್ಕೆ ಮುಖ ಮಾಡಿ, ಒಂದು ಕೈ ಎತ್ತಿ ನಿಂತ ಪ್ರತಿಮೆ ಇದೆ, 1996ರಿಂದ. ಸೆಪ್ಟೆಂಬರ್ ಬಂದರೆ ಅಲ್ಲಿ ಅಭಿಮಾನಿಗಳ ಜಾತ್ರೆ. ಹುಟ್ಟುಹಬ್ಬದ ಹೊತ್ತಿಗೆ ಮೀಸೆ ಅಂಟಿಸಿಕೊಂಡು, ಹಳದಿ ಜಾಕೆಟ್ ಹಾಕಿಕೊಂಡು, ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್‌ಗೆ ಹಣ ಕೂಡಿಸುವವರೂ ಇದ್ದಾರೆ. ಏಡ್ಸ್ ವಿರುದ್ಧದ ಕೆಲಸಕ್ಕೆ ಅವನ ಗೆಳೆಯರು ಕಟ್ಟಿದ ಸಂಸ್ಥೆ ಅದು. ಅವನು ಬದುಕಿದ್ದಾಗ ಹುಟ್ಟಿರದಿದ್ದವರು ಈಗ ಹೆಚ್ಚು. 2017ರಲ್ಲಿ ಲಂಡನ್‌ನ ಹೈಡ್ ಪಾರ್ಕ್‌ನಲ್ಲಿ ಗ್ರೀನ್ ಡೇ ತಂಡ ವೇದಿಕೆಗೆ ಬರುವ ಮುಂಚೆ ಸ್ಪೀಕರ್‌ನಲ್ಲಿ ಬೊಹೀಮಿಯನ್ ರಾಪ್ಸಡಿ ಹಾಕಿದರು. ವೇದಿಕೆ ಖಾಲಿ, ಅರವತ್ತು ಸಾವಿರಕ್ಕೂ ಹೆಚ್ಚು ಜನ ಮೊದಲಿನಿಂದ ಕೊನೆವರೆಗೆ ಹಾಡಿದರು, ಗಿಟಾರ್ ಭಾಗವನ್ನೂ ಬಿಡಲಿಲ್ಲ.

ಇಲ್ಲಿವರೆಗೆ ಫ್ರೆಡ್ಡಿಯನ್ನು ಕೇಳಿಯೇ ಇಲ್ಲ ಅನ್ನೋರು ಆಲ್ಬಮ್ಮಿನಿಂದ ಶುರು ಮಾಡಬೇಡಿ. ಮೊದಲು ವೆಂಬ್ಲಿಯ ಆ ಇಪ್ಪತ್ತು ನಿಮಿಷ ನೋಡಿ, ಆಮೇಲೆ ಬುಡಾಪೆಸ್ಟ್. ಮೊಬೈಲಿನ ಪುಟ್ಟ ಸ್ಪೀಕರ್ ಬೇಡ, ಮನೆಯಲ್ಲಿ ದೊಡ್ಡದೇನಾದರೂ ಇದ್ದರೆ ಅದರಲ್ಲಿ ಹಾಕಿ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಶಬ್ದ ಏರಿಸಿ. ಕೈಯಲ್ಲಿ ಚಹಾ ಲೋಟ ಇಟ್ಟುಕೊಳ್ಳಬೇಡಿ. ರೇಡಿಯೊ ಗಾಗಾ ಬಂದಾಗ ಎರಡೂ ಕೈ ಬೇಕು.