ಪಾಲೊಮಿನೊ ವ್ಯಾಲಿಯ ಕಂದು ಮರಿ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಿಟ್ಟಾಗ ಬೆಳಿಗ್ಗೆ ಆರು ಗಂಟೆ. ಡಾನರ್ ಪಾಸ್ ಹತ್ತುವಾಗ, ಏಪ್ರಿಲ್ ತಿಂಗಳಾದರೂ, ರಸ್ತೆ ಪಕ್ಕ ಹಿಮ ಇತ್ತು. ಭಾವ ಗಾಡಿ ಓಡಿಸುತ್ತಿದ್ದರು. ಹಿಂದೆ ಖಾಲಿ ಟ್ರೈಲರ್ ಗಡಗಡ ಅನ್ನುತ್ತಿತ್ತು. ಅಕ್ಕನ ಮಗಳಿಗೆ ಈ ವರ್ಷ 18 ತುಂಬಿತು. ಮಸ್ಟಾಂಗ್, ಅಂದರೆ ಅಮೆರಿಕದ ಕಾಡುಕುದುರೆ, ದತ್ತು ಪಡೆಯಲು ಬೇಕಾದ ವಯಸ್ಸು ಅದು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ, ಪಾಪ.

ನಮ್ಮ ಜೊತೆ ಪಕ್ಕದ ಮನೆಯ ಅಜ್ಜಿಯೂ ಇದ್ದರು. ಮೂವತ್ತು ವರ್ಷದಿಂದ ಮಸ್ಟಾಂಗ್ ಸಾಕಿದವರು. ಮರಿ ಇರಬೇಕಾದದ್ದೂ ಅವರ ಜಾಗದಲ್ಲೇ. ಒಂದು ಕುದುರೆಗೆ ಕನಿಷ್ಠ 400 ಚದರ ಅಡಿ ಬೇಲಿ ಜಾಗ ಬೇಕು. ಒಂದೂವರೆ ವರ್ಷದೊಳಗಿನ ಮರಿಗೆ 5 ಅಡಿ ಎತ್ತರದ ಬೇಲಿ ಸಾಕು, ದೊಡ್ಡದಕ್ಕೆ 6 ಅಡಿ. ಅಷ್ಟು ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ.

ರೀನೊ ಬಂದಾಗ ಅಜ್ಜಿ ವೆಲ್ಮಾ ಜಾನ್‌ಸ್ಟನ್ ಅವರ ಕಥೆ ಹೇಳಿದರು. ಈ ಊರಿನ ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. 1950ರಲ್ಲಿ ಮುಂದೆ ಹೋಗುತ್ತಿದ್ದ ಲಾರಿಯಿಂದ ರಕ್ತ ಸೋರುವುದನ್ನು ನೋಡಿ ಹಿಂಬಾಲಿಸಿದರಂತೆ. ಒಳಗೆ ಕಸಾಯಿಖಾನೆಗೆ ಹೊರಟ ಕಾಡುಕುದುರೆಗಳು. ಅಂದು ಶುರುವಾದ ಅವರ ಹೋರಾಟ ಕಾಡುಕುದುರೆಗಳನ್ನು ಕಾಪಾಡುವ 1971ರ ಕಾನೂನು ಬರುವವರೆಗೂ ನಡೆಯಿತು. ಆ ಕಾನೂನು ಇಲ್ಲದಿದ್ದರೆ ಇವತ್ತು ನಮಗೆ ನೋಡಲು ಒಂದು ಮರಿಯೂ ಸಿಗುತ್ತಿರಲಿಲ್ಲವೇನೋ.

ರೀನೊದಿಂದ ಉತ್ತರಕ್ಕೆ ಸುಮಾರು 20 ಮೈಲಿ ಹೋದರೆ ಪಾಲೊಮಿನೊ ವ್ಯಾಲಿ. ಬೋಳು ಗುಡ್ಡ, ಬೂದು ಹಸಿರಿನ ಸೇಜ್ ಪೊದೆ, ಗಾಳಿ. ಆಮೇಲೆ ಸಾಲುಸಾಲು ಕಬ್ಬಿಣದ ಬೇಲಿ. ಸರ್ಕಾರದ ಭೂ ಇಲಾಖೆ ಬೆಟ್ಟಗಳಿಂದ ಹಿಡಿದು ತಂದ ಕುದುರೆಗಳನ್ನು ಇಲ್ಲಿ ಇಟ್ಟು ದತ್ತು ಕೊಡುತ್ತದೆ. ಪ್ರತಿ ಕುದುರೆಯ ಕುತ್ತಿಗೆಯ ಎಡಗಡೆ ಬಿಳಿ ಕೂದಲಿನ ಗುರುತು ಇದೆ. ತುಂಬಾ ತಣ್ಣಗೆ ಮಾಡಿದ ಕಬ್ಬಿಣ ಒತ್ತಿದರೆ ಅಲ್ಲಿ ಕೂದಲು ಬಿಳಿಯಾಗಿ ಬೆಳೆಯುತ್ತದೆ. ಓದಲು ಗೊತ್ತಿರುವವರಿಗೆ ಅದರಲ್ಲೇ ಹುಟ್ಟಿದ ವರ್ಷ ಸಿಗುತ್ತದೆ. ಹಲ್ಲು ನೋಡಬೇಕಿಲ್ಲ.

ಹಲ್ಲು ಅಂದಾಗ ನನಗೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೆನಪಾಯಿತು. ಅಪ್ಪ ಹಳ್ಳಿಕಾರ್ ಕರು ಕೊಳ್ಳುವಾಗ ಮೊದಲು ಮುಟ್ಟುತ್ತಲೇ ಇರಲಿಲ್ಲ. ದೂರ ನಿಂತು, ನಡೆಸಿ ತೋರಿಸಿ ಅನ್ನುತ್ತಿದ್ದರು. ಸುಳಿ, ಹಲ್ಲು, ಕೊಂಬು ಎಲ್ಲ ಆಮೇಲೆ.

ನಮ್ಮ ಹುಡುಗಿ ಮಾತ್ರ ಐದೇ ನಿಮಿಷದಲ್ಲಿ ಮನಸ್ಸು ಕೊಟ್ಟಿದ್ದಳು. ಮಣ್ಣಿನ ಬಣ್ಣದ ಒಂದು ವರ್ಷದ ಗಂಡು ಮರಿ. ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಮೇಲೆ ಕಪ್ಪು ಗೆರೆ, ಕಾಲಿನ ಮೇಲೆ ಪಟ್ಟೆ. "ಮಾಮ, ನೋಡಿ, ಇದು ಸ್ಪ್ಯಾನಿಷ್ ರಕ್ತ!" ಅಂದಳು.

ಅಜ್ಜಿ ನಿಧಾನವಾಗಿ ಹೇಳಿದರು: ಗೆರೆ ನೋಡಿ ವಂಶ ಹೇಳಬೇಡ. ಆ ಗೆರೆ ತರುವ ಜೀನ್ ನಾರ್ವೆಯ ಫ್ಯೋರ್ಡ್ ಕುದುರೆಗೂ ಇದೆ, ಇಲ್ಲಿನ ಕ್ವಾರ್ಟರ್ ಹಾರ್ಸ್‌ಗೂ ಇದೆ.

ಇದು ನನಗೆ ತುಂಬಾ ಹಿಡಿಸಿತು. ಮಸ್ಟಾಂಗ್ ಅನ್ನುವುದು ಒಂದೇ ತಳಿ ಅಲ್ಲ. ಸ್ಪ್ಯಾನಿಷರು ತಂದ ಕುದುರೆಗಳು ಮೊದಲು ಕಾಡು ಸೇರಿದವು. ಆಮೇಲೆ ರೈತರ ಭಾರಿ ಗಾಡಿ ಕುದುರೆಗಳು, ದನಗಾಹಿಗಳ ಕುದುರೆಗಳು, ಸೈನ್ಯಕ್ಕೆಂದು ಬೆಳೆಸಿದ ಥರೋಬ್ರೆಡ್ ಎಂಬ ರೇಸ್ ಕುದುರೆಯ ರಕ್ತ ಎಲ್ಲ ಬೆರೆಯಿತು. ಓರೆಗಾನ್‌ನ ಕೈಗರ್, ಮೊಂಟಾನಾದ ಪ್ರಯರ್ ಬೆಟ್ಟದಂಥ ಕೆಲವು ಹಿಂಡುಗಳಲ್ಲಿ ಸ್ಪ್ಯಾನಿಷ್ ರಕ್ತ ಪರೀಕ್ಷೆಯಲ್ಲೂ ಕಂಡಿದೆ. ಹಾಗಾಗಿ ಮರಿಯ ಬಣ್ಣಕ್ಕಿಂತ ಅದು ಯಾವ ಬೆಟ್ಟದ್ದು ಅನ್ನುವುದೇ ಜಾಸ್ತಿ ಹೇಳುತ್ತದೆ. ಗೊರಸಿನ ಸುತ್ತ ಪೊದೆಯಂಥ ಕೂದಲು, ದಪ್ಪ ಮೂಳೆ ಇದ್ದರೆ ಗಾಡಿ ಕುದುರೆಯ ರಕ್ತ ಇರಬಹುದು. ಕಿರಿದಾದ ಎದೆ, ಇಳಿಜಾರು ಹಿಂಭಾಗ, ಕೆಳಗೆ ಜೋಡಿಸಿದಂಥ ಬಾಲ ಇದ್ದರೆ ಸ್ಪ್ಯಾನಿಷ್ ಇರಬಹುದು. ಇರಬಹುದು, ಅಷ್ಟೇ. ಅದರಲ್ಲೂ ಒಂದು ವರ್ಷದ ಮರಿ. ಹಿಂದೆ ಎತ್ತರ, ಮುಂದೆ ತಗ್ಗು. ಹೊಟ್ಟೆ ಹುಲ್ಲು ತಿಂದು ಉಬ್ಬಿದೆ. ಚಳಿಗಾಲದ ಕೂದಲು ಇನ್ನೂ ಉದುರುತ್ತಿದೆ.

ಹಾಗಾದರೆ ಏನು ನೋಡಬೇಕು? ಕಾಲು. ಅಜ್ಜಿ ಇದಕ್ಕೇ ಒಂದು ಗಂಟೆ ಕೊಟ್ಟರು. ಮರಿ ನೇರ ನಮ್ಮ ಕಡೆ ತಿರುಗುವವರೆಗೆ ಕಾದರು. ಹೆಗಲ ಮುಂದಿನ ಮೂಳೆಯಿಂದ ಒಂದು ದಾರ ಇಳಿಬಿಟ್ಟಂತೆ ಅಂದುಕೊಳ್ಳಿ. ಅದು ಮಂಡಿಯ ನಡುವೆ, ಗೊರಸಿನ ಮೇಲಿನ ಗೆಣ್ಣಿನ ನಡುವೆ ಹಾದು ಗೊರಸಿನ ನಡುವೆಯೇ ನೆಲ ಮುಟ್ಟಬೇಕು.

ಗೆರೆಯ ಮರಿಯಲ್ಲಿ ಮಂಡಿವರೆಗೆ ಎಲ್ಲ ಸರಿ ಇತ್ತು. ಗೆಣ್ಣಿನಿಂದ ಕೆಳಗೆ ಮಾತ್ರ ಎರಡೂ ಗೊರಸು ಒಳಕ್ಕೆ ತಿರುಗಿದ್ದವು. ಆ ಗೆಣ್ಣಿನ ಬಳಿ ಮೂಳೆ ಬೆಳೆದು ತಿದ್ದಿಕೊಳ್ಳುವ ಕಾಲ ಮೊದಲ ಮೂರು ನಾಲ್ಕು ತಿಂಗಳಲ್ಲೇ ಮುಗಿಯುತ್ತದಂತೆ. ವರ್ಷದ ಮರಿಗೆ ಇನ್ನು ಅದು ಹಾಗೇ. ಗೊರಸು ಬೆಳೆದು ಹಾಗೆ ಕಾಣುತ್ತಿದೆಯೇ ಎಂದೂ ನೋಡಿದೆವು. ಕಲ್ಲು ನೆಲದಲ್ಲಿ ಓಡುವಾಗ ಗೊರಸು ತಾನೇ ಸವೆಯುತ್ತದೆ, ಬೇಲಿಯೊಳಗಿನ ಮೆತ್ತನೆ ಮಣ್ಣಿನಲ್ಲಿ ಉದ್ದ ಆಗುತ್ತದೆ. ಆದರೆ ಇಲ್ಲಿ ತಿರುವು ಗೊರಸಿನದಲ್ಲ, ಗೆಣ್ಣಿನದೇ.

ಮೂಲೆಯಲ್ಲಿ ಒಂದು ಹೆಣ್ಣು ಮರಿ ನಿಂತಿತ್ತು. ಕಂದು ಮೈ, ಕಪ್ಪು ಕಾಲು. ಗುಂಪಿನಲ್ಲಿ ಯಾರೂ ನೋಡದಂಥ ಮರಿ. ಅದರ ಮುಂಗಾಲುಗಳೂ ಹೊರಕ್ಕೆ ತಿರುಗಿದ್ದವು. "ಇದರದ್ದೂ ಸೊಟ್ಟ ಅಲ್ವಾ?" ಅಂದೆ. "ಮಂಡಿ ಎಲ್ಲಿ ನೋಡುತ್ತಿದೆ ನೋಡಿ," ಅಂದರು ಅಜ್ಜಿ. ಮಂಡಿಯೂ ಹೊರಗೇ ನೋಡುತ್ತಿತ್ತು. ಅಂದರೆ ಇಡೀ ಕಾಲು ಮೊಣಕೈಯಿಂದಲೇ ಹೊರಕ್ಕೆ ತಿರುಗಿದೆ. ಎದೆ ಇನ್ನೂ ಕಿರಿದು, ಮೊಣಕೈ ಒಳಕ್ಕೆ ಒತ್ತಿಕೊಂಡಿದೆ. ಎದೆ ಅಗಲ ಆದ ಹಾಗೆ ಕಾಲು ನೇರಕ್ಕೆ ಬರುವ ಸಾಧ್ಯತೆ ಜಾಸ್ತಿ.

ಎರಡು ಮರಿಗಳ ಕಾಲೂ ಮೊದಲ ನೋಟಕ್ಕೆ ಸೊಟ್ಟವೇ. ಒಂದು ತಿದ್ದಿಕೊಳ್ಳಬಹುದು, ಇನ್ನೊಂದು ಆಗದು. ಇಷ್ಟು ದೂರ ಬಂದದ್ದಕ್ಕೆ ನನಗೆ ಸಿಕ್ಕ ದೊಡ್ಡ ಪಾಠ ಇದು. ಅಪ್ಪ ಇದ್ದಿದ್ದರೆ ಫೋನ್ ಮಾಡಿ ಹೇಳುತ್ತಿದ್ದೆ.

ಎಷ್ಟು ಎತ್ತರ ಬೆಳೆಯುತ್ತದೆ ಅಂತ ತಿಳಿಯಲೂ ಒಂದು ಲೆಕ್ಕ ಇದೆ. ಗೆಣ್ಣಿನ ನಡುವಿನಿಂದ ಮೊಣಕೈವರೆಗೆ ದಾರ ಹಿಡಿದು, ಅಷ್ಟೇ ದಾರವನ್ನು ಮೊಣಕೈಯಿಂದ ಮೇಲಕ್ಕೆ ಎತ್ತಿದರೆ, ದೊಡ್ಡದಾದಾಗ ಬೆನ್ನಿನ ಮುಂತುದಿ ಸುಮಾರು ಅಲ್ಲಿಗೆ ಬರುತ್ತದೆ. ಕಾಡು ಮರಿಯನ್ನು ಮುಟ್ಟುವ ಹಾಗಿಲ್ಲ. ಪಕ್ಕದಿಂದ ಫೋಟೋ ತೆಗೆದು ಫೋನಿನ ಮೇಲೇ ಅಳೆದೆವು. 14 ಹ್ಯಾಂಡ್ ಆಸುಪಾಸು, ಅಂದರೆ 4 ಅಡಿ 8 ಇಂಚು.

ಹುಡುಗಿ ಗೆರೆಯ ಮರಿಯ ಬೇಲಿ ಹತ್ತಿರ ಹೋಗಿ ಸುಮ್ನೆ ನಿಂತಳು. ನಾವು ಯಾರೂ ಮಾತಾಡಲಿಲ್ಲ. ವಾಪಸ್ ಬಂದವಳು, "ಅದನ್ನು ಯಾರಾದರೂ ಬಣ್ಣ ನೋಡಿ ಕರೆದುಕೊಂಡು ಹೋಗುತ್ತಾರೆ. ಇದನ್ನು ಯಾರು ಕೇಳುತ್ತಾರೆ?" ಅಂದಳು. 125 ಡಾಲರ್ ಕಟ್ಟಿ ಸಹಿ ಹಾಕಿದಳು. ಒಂದು ವರ್ಷ ಚೆನ್ನಾಗಿ ನೋಡಿಕೊಂಡ ಮೇಲೆಯೇ ಮರಿ ಪೂರ್ತಿ ಅವಳದ್ದಾಗುವುದು.

ಸಂಜೆ ಅಜ್ಜಿಯ ಹಿತ್ತಲಲ್ಲಿ ಟ್ರೈಲರ್ ಬಾಗಿಲು ತೆರೆದೆವು. ಮರಿ ಇಳಿಯಲು ಮುಕ್ಕಾಲು ಗಂಟೆ ತಗೊಂಡಿತು. ಯಾರೂ ಅವಸರ ಮಾಡಲಿಲ್ಲ.

ನಾನು ಬೆಂಗಳೂರಿಗೆ ಬಂದು ಐದು ತಿಂಗಳಾಯಿತು. ಹುಡುಗಿ ಪ್ರತಿ ತಿಂಗಳು ಮರಿಯ ಎದುರಿನಿಂದ ಒಂದು ಫೋಟೋ ಕಳಿಸುತ್ತಾಳೆ. ಮರಿ ಈಗ ಅವಳ ಕೈಯಿಂದ ಹುಲ್ಲು ತಿನ್ನುತ್ತದೆ. ಬುಡ ಸಮೇತ ಒಂದಿಷ್ಟು ಕೂದಲು ಕಿತ್ತು ವಂಶ ಪರೀಕ್ಷೆಗೆ ಕಳಿಸೋಣವೇ ಅಂತ ಕೇಳಿದೆ. ಈಗ ಬೇಡ ಮಾಮ ಅಂದಳು. ಹೋದ ವಾರದ ಫೋಟೋದಲ್ಲಿ ಎದೆ ಎರಡು ಬೆರಳಿನಷ್ಟು ಅಗಲ ಆದ ಹಾಗಿದೆ. ಗೊರಸುಗಳು ಇನ್ನೂ ಸ್ವಲ್ಪ ಹೊರಗೇ ನೋಡುತ್ತಿವೆ.