ಹಕ್ಕಲು ಆಯಲು ಇಸ್ರೇಲಿಗೆ: ಸ್ವಯಂಸೇವೆಗೆಂದು ಹೊರಡುವವರು ತಿಳಿದಿರಬೇಕಾದ್ದು

ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆಯನ್ನೋ ಮಣ್ಣಲ್ಲಿ ಉಳಿದ ಶೇಂಗಾವನ್ನೋ ಆರಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಹಕ್ಕಲು ಆಯುವುದು ಅನ್ನುತ್ತಾರೆ. ಕನ್ನಡ ಬೈಬಲಿನಲ್ಲಿ ರೂತಳು ಬೋವಜನ ಹೊಲದಲ್ಲಿ ಮಾಡುವುದೂ ಇದನ್ನೇ, ಅಲ್ಲಿ ಬಳಸಿರುವ ಪದವೂ ಇದೇ. ಹೀಬ್ರೂ ಭಾಷೆಯಲ್ಲಿ ಅದಕ್ಕೆ 'ಲೆಕೆಟ್' ಎಂದು ಹೆಸರು. ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಬರುವ ಈ ಕಟ್ಟಳೆಗೆ ಯಹೂದಿ ಪಂಡಿತರು ಆಮೇಲೆ ಲೆಕ್ಕ ಕಟ್ಟಿದರು. ಕೊಯ್ಯುವಾಗ ಕೈಜಾರಿ ಒಂದೋ ಎರಡೋ ತೆನೆ ಬಿದ್ದರೆ ಅದು ಬಡವರದು, ಮೂರು ಒಟ್ಟಿಗೆ ಬಿದ್ದರೆ ಮಾಲೀಕನದು. ಹೊಲದ ಮೂಲೆಯಲ್ಲಿ ಕಡಿಮೆಯೆಂದರೂ ಅರವತ್ತರಲ್ಲಿ ಒಂದು ಪಾಲನ್ನು ಕೊಯ್ಯದೆ ಬಿಡಬೇಕು. ಮಾಲೀಕ ಕನಿಕರದಿಂದ ಬಿಡುವ ಮಾತೇ ಇಲ್ಲಿಲ್ಲ, ಅದು ಮೊದಲಿನಿಂದಲೂ ಬಡವರ ಪಾಲು. ಇಸ್ರೇಲಿನಲ್ಲಿ ಸ್ವಯಂಸೇವೆಗೆ ಹೋಗುವವರು ಇದನ್ನು ತಿಳಿದುಕೊಂಡು ಹೋದರೆ ಅರ್ಧ ಗೊಂದಲ ತಪ್ಪುತ್ತದೆ. ಅಲ್ಲಿ ನಿಮಗೆ ಯಾರೂ ಹಾರ ಹಾಕುವುದಿಲ್ಲ. ಕೆಲಸ ಮುಗಿದಾಗ 'ಕೋಲ್ ಹಕವೋದ್', ಅಂದರೆ ಭೇಷ್, ಅಂದು ಮುಂದಿನ ತಂಡಕ್ಕೆ ಕೈಗವಸು ಹಂಚಲು ಹೊರಟುಬಿಡುತ್ತಾರೆ.

ಪ್ರವಾಸಿಗರು ಒಂದೆರಡು ದಿನದ ಮಟ್ಟಿಗೆ ಕೈಜೋಡಿಸಲು ಮೂರು ಬಗೆಯ ಕೆಲಸಗಳಿವೆ: ಹೊಲದಲ್ಲಿ ತರಕಾರಿ ಕೀಳುವುದು, ಗೋದಾಮಿನಲ್ಲಿ ದಿನಸಿ ಪೊಟ್ಟಣ ಕಟ್ಟುವುದು, ಉಚಿತ ಊಟದ ಮನೆಯಲ್ಲಿ ಹೆಚ್ಚಿ ಬಡಿಸುವುದು. ಸಮಯ ಒಂದಕ್ಕೇ ಇದ್ದರೆ ಹೊಲವನ್ನೇ ಆರಿಸಿಕೊಳ್ಳಿ. ಭಾಷೆ ಬೇಡ, ಅಡುಗೆಮನೆಯ ಕಟ್ಟುಪಾಡಿನ ಭಯವಿಲ್ಲ, ಮಾಡಿದ ಕೆಲಸ ಕಣ್ಣೆದುರು ರಾಶಿಯಾಗುತ್ತದೆ.

ಮೊದಲು ವೀಸಾ ವಿಷಯ. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕೇ ಬೇಕು. 2025ರ ಜನವರಿಯಿಂದ ಪ್ರವಾಸಿಗರಿಗೆ ಇ-ವೀಸಾ ಸಿಗುತ್ತಿದೆ, ದಕ್ಷಿಣ ಭಾರತಕ್ಕೆಂದೇ ಬೆಂಗಳೂರಿನಲ್ಲಿ ಇಸ್ರೇಲಿನ ಕಾನ್ಸುಲೇಟ್ ಕೂಡ ಇದೆ. ಪ್ರವಾಸಿ ವೀಸಾಕ್ಕೆ ಬಿ-2 ಎನ್ನುತ್ತಾರೆ, ಸ್ವಯಂಸೇವಕರ ವೀಸಾಕ್ಕೆ ಬಿ-4. ಪ್ರವಾಸದ ನಡುವೆ ಒಂದೆರಡು ಬೆಳಗ್ಗೆ ಗುಂಪಿನೊಂದಿಗೆ ಹೊಲಕ್ಕೆ ಹೋಗಿಬರುವುದು ಬೇರೆ, ತಿಂಗಳುಗಟ್ಟಲೆ ಕಿಬ್ಬುತ್ಸ್ ಎಂಬ ಸಾಮೂಹಿಕ ಗ್ರಾಮದಲ್ಲೋ ವೃದ್ಧಾಶ್ರಮದಲ್ಲೋ ಇದ್ದು ಕೆಲಸ ಮಾಡುವುದು ಬೇರೆ. ಎರಡನೆಯದಕ್ಕೆ ಬಿ-4 ಬೇಕು, ಅದಕ್ಕೆ ಕರೆಸಿಕೊಳ್ಳುವ ಸಂಸ್ಥೆಯೇ ಅರ್ಜಿ ಹಾಕಬೇಕು. 'ಬಿ-2ರಲ್ಲಿ ಬನ್ನಿ, ಆಮೇಲೆ ನೋಡೋಣ' ಅನ್ನುವವರ ಮಾತು ಕೇಳಬೇಡಿ. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ವಿಮಾನ ನಿಲ್ದಾಣದ ಅಧಿಕಾರಿ ಯಾಕೆ ಬಂದಿರಿ ಎಂದಾಗ 'ವರ್ಕ್' ಎಂಬ ಪದ ಬಾಯಿಗೆ ಬಂದರೆ ಪ್ರಶ್ನೆಗಳ ಸರಮಾಲೆಯೇ ಶುರುವಾಗುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿ: ಪ್ರವಾಸ, ಇಷ್ಟು ದಿನ, ಅದರಲ್ಲಿ ಇಂಥ ತಾರೀಕಿನ ಬೆಳಗ್ಗೆ ಇಂಥ ಸಂಸ್ಥೆಯ ಕಾರ್ಯಕ್ರಮ. ಸಂಸ್ಥೆಯ ದೃಢೀಕರಣ ಪತ್ರ, ಹಿಂದಿರುಗುವ ಟಿಕೆಟ್, ಹೋಟೆಲ್ ಬುಕಿಂಗ್, ಮೂರರ ಕಾಗದದ ಪ್ರತಿಯೂ ಕೈಚೀಲದಲ್ಲಿರಲಿ. ಫೋನ್ ಬ್ಯಾಟರಿ ಸತ್ತುಹೋಗುವುದು ಇಂಥ ಹೊತ್ತಿನಲ್ಲೇ.

ಭದ್ರತೆಯ ಮಾತನ್ನು ತೇಲಿಸಿ ಹೇಳುವಂತಿಲ್ಲ. ಟಿಕೆಟ್ ತೆಗೆಯುವ ಮೊದಲೂ ಹೊರಡುವ ಹಿಂದಿನ ದಿನವೂ ಭಾರತದ ವಿದೇಶಾಂಗ ಸಚಿವಾಲಯದ ಸಲಹೆ ನೋಡಿ. ಹೋಗಬೇಡಿ ಎಂದಿದ್ದರೆ ಹೋಗಬೇಡಿ. ಪ್ರವಾಸ ವಿಮೆಗಳಲ್ಲಿ ಬಹುಪಾಲು ಯುದ್ಧದಿಂದಾದ ನಷ್ಟವನ್ನು ಹೊರಗಿಟ್ಟಿರುತ್ತವೆ, ಆ ಸಾಲನ್ನು ಹುಡುಕಿ ಓದಿ. ಟಿಕೆಟ್ ರದ್ದಾದರೆ ದುಡ್ಡು ವಾಪಸ್ ಬರುವಂಥದ್ದೇ ಇರಲಿ. ಇಳಿದ ಕೂಡಲೇ ದಾಳಿಯ ಎಚ್ಚರಿಕೆ ಕೊಡುವ ಅಲ್ಲಿನ ಹೋಮ್ ಫ್ರಂಟ್ ಕಮಾಂಡ್ ಆ್ಯಪ್ ಹಾಕಿಕೊಳ್ಳಿ. ಸೈರನ್ ಆದಮೇಲೆ ಆಶ್ರಯ ಸೇರಲು ಸಿಗುವ ಸಮಯ ಊರಿಂದ ಊರಿಗೆ ಬೇರೆ: ಟೆಲ್ ಅವೀವ್ ಕಡೆ ಒಂದೂವರೆ ನಿಮಿಷ, ಗಾಜಾ ಗಡಿಯ ಹತ್ತಿರ 15 ಸೆಕೆಂಡು. ಕಟ್ಟಡದೊಳಗಿನ ಕಾಂಕ್ರೀಟ್ ಕೋಣೆಗೆ 'ಮಮಾದ್', ಬೀದಿಯ ಸಾರ್ವಜನಿಕ ಆಶ್ರಯಕ್ಕೆ 'ಮಿಕ್ಲಾತ್' ಎನ್ನುತ್ತಾರೆ. ಹೊಲಕ್ಕೆ ಹೋದಾಗಲೂ ಮೊದಲು ಕೇಳಬೇಕಾದ ಪ್ರಶ್ನೆ 'ಇಲ್ಲಿ ಮಿಕ್ಲಾತ್ ಎಲ್ಲಿ' ಎಂಬುದೇ.

ಅಲ್ಲಿನ ವಾರ ಭಾನುವಾರಕ್ಕೆ ಶುರು. ಶುಕ್ರವಾರ ಮಧ್ಯಾಹ್ನ ಕಳೆದಂತೆ ರೈಲು, ಬಸ್ಸು ನಿಲ್ಲುತ್ತಾ ಬಂದು ಶನಿವಾರ ಕತ್ತಲಾದ ಮೇಲೆ ಮತ್ತೆ ಹೊರಡುತ್ತವೆ. ಅಷ್ಟು ಹೊತ್ತು ಶಬ್ಬಾತ್, ಯಹೂದಿಗಳ ವಾರದ ವಿಶ್ರಾಂತಿ ದಿನ. ನಮ್ಮವರು ಮಾಡುವ ಮೊದಲ ತಪ್ಪು ಶುಕ್ರವಾರ ಸಂಜೆ ಇಳಿಯುವ ವಿಮಾನ ಹಿಡಿಯುವುದು. ಟ್ಯಾಕ್ಸಿಗೇ ಕೈ ಸುಡುತ್ತದೆ, ಜೆರುಸಲೇಮಿನಲ್ಲಾದರೆ ಊಟಕ್ಕೂ ಹೆಚ್ಚಿನ ಅಂಗಡಿ ತೆರೆದಿರುವುದಿಲ್ಲ. ಸೋಮವಾರ ಇಳಿದರೆ ಸ್ವಯಂಸೇವೆಗೆ ಮೂರು ಪೂರ್ತಿ ದಿನ ಸಿಗುತ್ತವೆ. ಬೆನ್ ಗುರಿಯನ್ ನಿಲ್ದಾಣದಿಂದ ಜೆರುಸಲೇಮಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಬಸ್ಸು, ರೈಲು, ಟ್ರಾಮ್ ಎಲ್ಲಕ್ಕೂ ರಾವ್-ಕಾವ್ ಎಂಬ ಒಂದೇ ಕಾರ್ಡು.

ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಯಹೂದಿ ಹೊಸ ವರ್ಷದಿಂದ ಸುಕ್ಕೋತ್‌ವರೆಗೆ ಹಬ್ಬಗಳ ಸಾಲು ಬಂದು ಅರ್ಧ ಕೆಲಸ ನಿಂತಿರುತ್ತದೆ. ಕೈ ಹೆಚ್ಚು ಬೇಕಾಗುವುದು ಪೆಸಾಖ್ ಹಬ್ಬದ ಹಿಂದಿನ ಎರಡು ವಾರಗಳಲ್ಲಿ, ಮಾರ್ಚ್-ಏಪ್ರಿಲ್ ಸುಮಾರಿಗೆ. ಬಡವರ ಮನೆಗೆ ಹಬ್ಬದ ಸಾಮಗ್ರಿ ಮುಟ್ಟಿಸುವುದು ಹಳೆಯ ರೂಢಿ, ಅದಕ್ಕೆ 'ಕಿಮ್ಖಾ ದೆಪಿಸ್ಖಾ', ಪೆಸಾಖ್‌ನ ಹಿಟ್ಟು, ಎಂದೇ ಹೆಸರು. ಆದರೆ ಆಗ ಗೋದಾಮಿಗೆ ಜೇಬಲ್ಲೊಂದು ಬಿಸ್ಕತ್ತು ಪೊಟ್ಟಣ ಇಟ್ಟುಕೊಂಡು ಹೋಗುವಂತಿಲ್ಲ. ಪೆಸಾಖ್‌ನಲ್ಲಿ ಹುದುಗು ಬಂದ ಹಿಟ್ಟು ನಿಷಿದ್ಧ, ಹಬ್ಬದ ಆಹಾರದ ಹತ್ತಿರ ಅಂಥ ಗೋಧಿ ತಿಂಡಿಯ ಚೂರೂ ಸುಳಿಯಬಾರದು.

ಇನ್ನು ಹೊಲ. ಲೆಕೆಟ್ ಇಸ್ರೇಲ್ ಎಂಬ ಆಹಾರ ಬ್ಯಾಂಕ್ 2003ರಲ್ಲಿ ಜೋಸೆಫ್ ಗಿಟ್ಲರ್ ಶುರುಮಾಡಿದ್ದು. ಮಾರುಕಟ್ಟೆ ದರ ಕೀಳುವ ಕೂಲಿಗಿಂತ ಕೆಳಗಿಳಿದರೆ ರೈತ ಬೆಳೆಯನ್ನು ಹೊಲದಲ್ಲೇ ಬಿಡುತ್ತಾನೆ. ಕೋಲಾರದ ಟೊಮೆಟೊ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಬೆಳೆಯನ್ನು ಕೀಳಿಸಿ, ವಿಂಗಡಿಸಿ, ಯಹೂದಿ, ಅರಬ್ ಎಂಬ ಭೇದವಿಲ್ಲದೆ ಸೇವಾಸಂಸ್ಥೆಗಳಿಗೆ ಕಳಿಸುತ್ತಾರೆ. ಸ್ವಯಂಸೇವಕರಿಗಾಗಿ ರೆಹೋವೋಟ್ ಹತ್ತಿರ ಹೊಲವೂ ಇದೆ. ಅಂತರ್ಜಾಲದಲ್ಲಿ ತಾರೀಕು, ತಂಡದ ಸಂಖ್ಯೆ ಕೊಟ್ಟು ಮೊದಲೇ ಹೆಸರು ನೋಂದಾಯಿಸಬೇಕು. ಒಬ್ಬಿಬ್ಬರಾದರೆ ಬೇರೆ ಗುಂಪಿಗೆ ಸೇರಿಸುತ್ತಾರೆಯೇ ಎಂದು ಕೇಳಿ. ಮಳೆ ಬಂದರೆ ಕೆಲಸ ರದ್ದು, ಹಾಗಾಗಿ ಡಿಸೆಂಬರ್-ಫೆಬ್ರುವರಿಯಲ್ಲಿ ಹೋಗುವವರು ಬದಲಿ ದಿನ ಒಂದನ್ನು ಖಾಲಿ ಇಟ್ಟುಕೊಳ್ಳಲೇಬೇಕು.

ಕೀಳುವ ಕ್ರಮ ತಿಳಿದಿರಲಿ. ಚಳಿಗಾಲದಲ್ಲಿ ಹೆಚ್ಚಾಗಿ ಸಿಗುವುದು ನವಿಲುಕೋಸು, ಬೀಟ್‌ರೂಟ್, ಎಲೆಕೋಸು. ನವಿಲುಕೋಸಿನ ಗೆಡ್ಡೆ ನೆಲದ ಮೇಲೇ ಕೂತಿರುತ್ತದೆ. ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ. ಗೆಡ್ಡೆಯನ್ನೇ ಅಂಗೈ ತುಂಬ ಹಿಡಿದು, ಒಂದು ಪಕ್ಕಕ್ಕೆ ಬಗ್ಗಿಸಿ ತಿರುಚಿದರೆ ಕೆಳಗಿನ ಕಾಂಡ ಟಕ್ಕೆಂದು ಮುರಿಯುತ್ತದೆ. ಆಮೇಲೆ ಎಲೆ ಕಳಚಿ ಸಾಲಿನ ನಡುವೆ ಹಾಕಿ. ಸೀಳು ಬಿಟ್ಟದ್ದು, ಮುಷ್ಟಿಗಿಂತ ಚಿಕ್ಕದು ಬಿಡಿ. ಬೀಟ್‌ರೂಟನ್ನು ಎಲೆಯ ಬುಡದಲ್ಲಿ ಹಿಡಿದು ನೇರ ಮೇಲಕ್ಕೆತ್ತಿ, ಒಂದಂಗುಲ ತೊಟ್ಟು ಉಳಿಸಿ ಸೊಪ್ಪು ತಿರುಚಿ ತೆಗೆಯಬೇಕು. ತೊಟ್ಟು ಬುಡಕ್ಕೇ ಕಿತ್ತರೆ ರಸ ಸೋರಿ ಬೇಗ ಬಾಡುತ್ತದೆ. ತುಂಬಿದ ಬಕೆಟ್ಟನ್ನು ಸೊಂಟದೆತ್ತರದ ಪ್ಲಾಸ್ಟಿಕ್ ತೊಟ್ಟಿಗೆ ಸುರಿಯುತ್ತಾರೆ, ಅದಕ್ಕೆ ಅಲ್ಲಿ 'ದೋಲಾವ್' ಎನ್ನುತ್ತಾರೆ. ಎಲ್ಲರೂ ಎಡವುವುದು ಇಲ್ಲೇ. ಮಕ್ಕಳಿರಲಿ, ದೊಡ್ಡವರೂ ಬಾಸ್ಕೆಟ್‌ಬಾಲ್ ಆಡಿದಂತೆ ದೂರದಿಂದ ಎಸೆಯುತ್ತಾರೆ. ಏಟು ಬಿದ್ದ ಒಂದು ಗೆಡ್ಡೆ ಕೊಳೆತು ಸುತ್ತಲಿನದನ್ನೂ ಕೊಳೆಸುತ್ತದೆ. ಬಕೆಟ್ಟನ್ನು ತೊಟ್ಟಿಯೊಳಗೆ ಇಳಿಸಿ ಮೆಲ್ಲಗೆ ಬಗ್ಗಿಸಿ. ಮೊದಲ ಅರ್ಧ ಗಂಟೆ ಹುಮ್ಮಸ್ಸಿನಲ್ಲಿ ಬಗ್ಗಿ ಕಿತ್ತವರು ಆಮೇಲೆ ನಡು ಹಿಡಿದು ನಿಲ್ಲುತ್ತಾರೆ, ಶುರುವಿನಿಂದಲೇ ಕುಕ್ಕರುಗಾಲಲ್ಲಿ ಕೂತು ಕೀಳುವುದು ವಾಸಿ. ಇದರಲ್ಲಿ ನಮ್ಮ ಊರಿನವರು ಅಮೆರಿಕದ ತಂಡಗಳಿಗಿಂತ ಸದಾ ಮುಂದೆ.

ಕರಾವಳಿ ಬಯಲಿನ ಮಣ್ಣು ಕೆಂಪು ಮರಳು ಬೆರೆತದ್ದು, 'ಹಮ್ರಾ' ಅನ್ನುತ್ತಾರೆ. ಒದ್ದೆಯಾದರೆ ಬೂಟಿಗೆ ಮೆತ್ತಿಕೊಳ್ಳುತ್ತದೆ. ಚಪ್ಪಲಿ, ಸ್ಯಾಂಡಲ್ ಬೇಡ. ಟೋಪಿ, ತುಂಬುತೋಳಿನ ಹತ್ತಿ ಅಂಗಿ, ತಲಾ ಎರಡು ಲೀಟರ್ ನೀರು, ಸ್ವಂತದ್ದೊಂದು ಜೊತೆ ತೋಟದ ಕೈಗವಸು ಇದ್ದರೆ ಸಾಕು. ಏಳು ವರ್ಷಕ್ಕೊಮ್ಮೆ ಬರುವ ಶ್ಮಿತಾ ವರ್ಷದಲ್ಲಿ ಭೂಮಿಗೆ ಬಿಡುವು, ಬಿತ್ತನೆ ಕೊಯ್ಲಿನ ಕಟ್ಟಳೆ ಬದಲಾಗುತ್ತದೆ. ಹಿಂದಿನದು 2021-22ರಲ್ಲಿ ಆಯಿತು, ಮುಂದಿನದು 2028-29ರಲ್ಲಿ.

ಗೋದಾಮಿನ ಕೆಲಸ ಬೇಕಾದವರಿಗೆ ಜೆರುಸಲೇಮಿನ ತಲ್ಪಿಯೋತ್ ಪ್ರದೇಶದಲ್ಲಿ ಪ್ಯಾಂಟ್ರಿ ಪ್ಯಾಕರ್ಸ್ ಇದೆ. 1788ರಿಂದ ನಡೆದುಬಂದಿರುವ ಕೋಲೆಲ್ ಖಬಾದ್ ಎಂಬ ದತ್ತಿಸಂಸ್ಥೆಯದು. ಏಪ್ರನ್, ಟೋಪಿ ಹಾಕಿಕೊಂಡು ಅಕ್ಕಿ, ಕಾಳು ತುಂಬಿ ಮೊಹರು ಮಾಡುವುದು. ಮನೆಯವರೆಲ್ಲ ಒಟ್ಟಿಗೆ ಹೋಗಲು ಇದೇ ಸುಲಭ.

ಊಟದ ಮನೆಯ ವಿಷಯಕ್ಕೆ ಬಂದರೆ, ಮೀರ್ ಪನಿಮ್ ಸಂಸ್ಥೆಯ ಅಡುಗೆಮನೆಗಳಲ್ಲಿ ಬಂದವರನ್ನು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಹೋಟೆಲಿನ ಹಾಗೆ ಮೇಜಿಗೇ ಬಡಿಸುತ್ತಾರೆ, ಬಡಿಸುವವರು ಸ್ವಯಂಸೇವಕರು. ಫೋಟೋ ತೆಗೆಯುವ ಆಸೆಯನ್ನು ಬಾಗಿಲಾಚೆ ಬಿಟ್ಟುಹೋಗಿ. ಕೊಟ್ಟವರು ಯಾರೆಂದು ಪಡೆದವರಿಗೂ ಪಡೆದವರು ಯಾರೆಂದು ಕೊಟ್ಟವರಿಗೂ ಗೊತ್ತಾಗದ ದಾನವನ್ನು 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ದಾನದ ಎಂಟು ಮೆಟ್ಟಿಲುಗಳಲ್ಲಿ ಮೇಲಿನಿಂದ ಎರಡನೆಯದಾಗಿ ಇಟ್ಟಿದ್ದಾನೆ. ಒಬ್ಬ ಮನುಷ್ಯ ತನ್ನ ಕಾಲ ಮೇಲೆ ನಿಲ್ಲುವಂತೆ ಕೆಲಸವನ್ನೋ ಸಾಲವನ್ನೋ ಕೊಡುವುದು ಅದಕ್ಕಿಂತ ಮೇಲೆ. ಉಣ್ಣುತ್ತಿರುವವರ ಮುಖ ಹಿಡಿದು ಸೆಲ್ಫಿ ತೆಗೆಯುವವರಿಗೆ ಆ ಏಣಿಯಲ್ಲಿ ಜಾಗವಿಲ್ಲ.

ಕೋಶೆರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಅಡುಗೆಮನೆಯಲ್ಲಿ ಕಲಿಯಲು ಬಹಳ ಇದೆ. ಮಾಂಸ ಮತ್ತು ಹಾಲಿನ ಪದಾರ್ಥಗಳಿಗೆ ಪಾತ್ರೆ, ತೊಟ್ಟಿ, ಚಾಕು ಎಲ್ಲ ಬೇರೆ. ಸಾಮಾನ್ಯವಾಗಿ ಮಾಂಸಕ್ಕೆ ಕೆಂಪು ಗುರುತು, ಹಾಲಿಗೆ ನೀಲಿ. ಮಡಿ-ಮೈಲಿಗೆಯ ಅಡುಗೆಮನೆ ಕಂಡವರಿಗೆ ಇದರ ಸ್ವಭಾವ ಕೂಡಲೇ ಅರ್ಥವಾಗುತ್ತದೆ, ಲೆಕ್ಕ ಮಾತ್ರ ಬೇರೆ. ಯಹೂದಿಯಲ್ಲದವರು ಒಲೆ ಹಚ್ಚುವಂತಿಲ್ಲ, ಹಚ್ಚಿದರೆ ಆ ಅಡುಗೆಯೇ ಕೆಲಸಕ್ಕೆ ಬಾರದಾಗಬಹುದು. ಆರಿಹೋದ ಉರಿ ಕಂಡರೂ ಕೈ ಹಾಕದೆ ಮಷ್ಗಿಯಾಖನನ್ನು ಕರೆಯಿರಿ. ಅವನು ಅಡುಗೆಮನೆಯ ಶಾಸ್ತ್ರದ ಮೇಲ್ವಿಚಾರಕ. ಮೊಟ್ಟೆಗಳನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು, ರಕ್ತದ ಚುಕ್ಕೆ ಇಲ್ಲವೆಂದು ನೋಡಿ ಮುಂದಕ್ಕೆ ಸುರಿಯಬೇಕು. ಹುಳು ತಿನ್ನುವುದು ನಿಷಿದ್ಧವಾದ್ದರಿಂದ ಎಲೆಕೋಸು, ಸೊಪ್ಪು, ಅಕ್ಕಿ ಎಲ್ಲವನ್ನೂ ಬೆಳಕಿಗೆ ಹಿಡಿದು ಆರಿಸುತ್ತಾರೆ. ಮೊರದಲ್ಲಿ ಅಕ್ಕಿ ಆರಿಸಿದ ಕೈಗೆ ಇದೇನೂ ಹೊಸದಲ್ಲ. ತಪ್ಪಿ ನೀಲಿ ಚಾಕು ಮಾಂಸಕ್ಕೆ ತಾಗಿದರೆ ತೊಳೆದಿಟ್ಟು ಸುಮ್ಮನಾಗಬೇಡಿ, ತಕ್ಷಣ ಹೇಳಿ. ಹೇಳಿದರೆ ಒಂದು ಚಾಕು ಪಕ್ಕಕ್ಕೆ ಹೋಗುತ್ತದೆ, ಮುಚ್ಚಿಟ್ಟರೆ ಇಡೀ ಅಡುಗೆಮನೆ ನಿಲ್ಲುತ್ತದೆ. ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ಒಳಗೆ ಒಯ್ಯಬಾರದು.

ಅಪ್ಪಣೆ ಕೊಡುವವಳು ಹತ್ತೊಂಬತ್ತು ವರ್ಷದ ಹುಡುಗಿಯಾಗಿದ್ದರೆ ಅಚ್ಚರಿಪಡಬೇಡಿ. ಸೈನ್ಯಕ್ಕೆ ಹೋಗದ ಧಾರ್ಮಿಕ ಮನೆತನದ ಹೆಣ್ಣುಮಕ್ಕಳು ಒಂದೋ ಎರಡೋ ವರ್ಷ 'ಶೆರುತ್ ಲೆಯುಮಿ' ಎಂಬ ರಾಷ್ಟ್ರೀಯ ಸೇವೆ ಮಾಡುತ್ತಾರೆ. ಸಂಪ್ರದಾಯಸ್ಥರ ನಡುವೆ ಗಂಡಸರು ಹೆಂಗಸರಿಗೆ ಕೈಕುಲುಕಲು ಮುಂದಾಗಬಾರದು, ನಮಸ್ಕಾರ ಅಂದರೆ ಸಾಕು. ಹಣದಿಂದ ಮಾಡುವ ದಾನ ಬಡವರಿಗೆ ಮಾತ್ರ, ಮೈಮುರಿದು ಮಾಡುವ ಉಪಕಾರ ಬಡವ-ಬಲ್ಲಿದ, ಬದುಕಿದವ-ಸತ್ತವ ಎಲ್ಲರಿಗೂ ಸಲ್ಲುತ್ತದೆ ಎಂದು ಯಹೂದಿ ಶಾಸ್ತ್ರಗ್ರಂಥ ತಾಲ್ಮುದ್ ಹೇಳುತ್ತದೆ. ಈ ಎರಡನೆಯದಕ್ಕೆ 'ಗೆಮಿಲುತ್ ಖಸಾದಿಮ್' ಎಂದು ಹೆಸರು. ಅಲ್ಲಿ ವರ್ಷಗಟ್ಟಲೆ ಬರುವ ಸ್ವಯಂಸೇವಕರು ತಮ್ಮ ಕೆಲಸಕ್ಕೆ ಕಾರಣ ಹೇಳುವುದು ಹೀಗೇ. ಇದರ ದೊಡ್ಡ ರೂಪ ನೋಡಬೇಕಿದ್ದರೆ ಜೆರುಸಲೇಮಿನ ಯಾದ್ ಸಾರಾಗೆ ಹೋಗಿಬನ್ನಿ. 1976ರಲ್ಲಿ ಊರಿ ಲುಪೋಲಿಯಾನ್‌ಸ್ಕಿ ಕಟ್ಟಿದ್ದು, ಅವರು ಮುಂದೆ ಆ ನಗರದ ಮೇಯರ್ ಆದರು. ಗಾಲಿಕುರ್ಚಿ, ಊರುಗೋಲು, ಆಮ್ಲಜನಕದ ಯಂತ್ರ ಬೇಕಾದವರಿಗೆಲ್ಲ ಎರವಲು ಕೊಡುತ್ತಾರೆ, ಶ್ರೀಮಂತರೂ ಬಂದು ಒಯ್ಯುತ್ತಾರೆ.

ಸಸ್ಯಾಹಾರಿಗಳು ಒಂದು ಪದದ ಬಗ್ಗೆ ಎಚ್ಚರವಾಗಿರಿ: 'ಪರ್ವೆ'. ಮಾಂಸವೂ ಹಾಲೂ ಇಲ್ಲದ್ದು ಎಂದಷ್ಟೇ ಅದರ ಅರ್ಥ, ಮೀನು ಮೊಟ್ಟೆ ಎರಡೂ ಪರ್ವೆಯೇ. 'ಖಲವಿ', ಅಂದರೆ ಹಾಲಿನ ಅಡುಗೆಯದು, ಎಂದು ಬರೆದ ಹೋಟೆಲಿನಲ್ಲಿ ಮಾಂಸವಿಲ್ಲ, ಆದರೆ ಮೀನು ಇರಬಹುದು. 'ತ್ಸಿಮ್ಖೋನಿ', ಅಂದರೆ ಸಸ್ಯಾಹಾರಿ, ಎಂದು ಬಿಡಿಸಿ ಹೇಳಿ, 'ಬ್ಲಿ ದಗ್', ಮೀನಿಲ್ಲದೆ, ಎಂದೂ ಸೇರಿಸಿ. ಮಂಗಳೂರು, ಉಡುಪಿ ಕಡೆಯಿಂದ ಹೋಗಿ ವೃದ್ಧರ ಆರೈಕೆಯ ಕೆಲಸದಲ್ಲಿರುವವರು ಅಲ್ಲಿ ಬಹಳ ಮಂದಿ ಇದ್ದಾರೆ. ಪರಿಚಯದವರಿದ್ದರೆ ಅಕ್ಕಿ-ಬೇಳೆ ಎಲ್ಲಿ ಸಿಗುತ್ತದೆ ಎಂಬುದರಿಂದ ಹಿಡಿದು ಯಾವ ಬಸ್ಸು ಎಂಬಲ್ಲಿಯವರೆಗೆ ಅವರ ಮಾತೇ ಪ್ರಮಾಣ. ಬಿಡುವಿದ್ದರೆ ಹೈಫಾಗೂ ಒಂದು ದಿನ ಇಡಿ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಅಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ಹೋಗಿ. ಹೊಲದ ಬೂಟನ್ನು ಹಿಂದಿನ ರಾತ್ರಿಯೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಬೇರೆ ಚೀಲದಲ್ಲಿ ಮೇಲೇ ಇಡಿ. ಚೀಲ ಬಿಚ್ಚಿಸಿದರೆ ಮೊದಲು ಕೈಗೆ ಸಿಗುವುದು ಅದೇ ಆಗಿರಲಿ. ಮಣ್ಣು ಮೆತ್ತಿದ ಬೂಟಿನ ಕಥೆ ಹೇಳುತ್ತಾ ನಿಂತರೆ ಹಿಂದಿನ ಸಾಲಿನವರು ಗೊಣಗುತ್ತಾರೆ.