ಮೂಟೆ ಹೊರಿಸಬೇಡಿ, ಚೀಟಿ ಕೊಡಿ: ಆನ್ಸಿಬಲ್‌ನಲ್ಲಿ ಟಾರ್‌ಬಾಲ್ ಮತ್ತು ದೊಡ್ಡ ಫೈಲು

ಆನ್ಸಿಬಲ್ ಅಂದರೆ ಒಂದು ಯಂತ್ರದಿಂದ (ಅದೇ ಕಂಟ್ರೋಲ್ ನೋಡ್) ಹಲವು ಸರ್ವರ್‌ಗಳನ್ನು ಸಜ್ಜುಗೊಳಿಸುವ ಸಾಧನ, ಮಾಡಬೇಕಾದ ಕೆಲಸಗಳ ಪಟ್ಟಿಯೇ ಪ್ಲೇಬುಕ್. ಲಿನಕ್ಸ್‌ನ ಪ್ಯಾಕೇಜ್ ಸಾಧನಗಳಾದ ಆ್ಯಪ್ಟ್ ಅಥವಾ ಡಿಎನ್‌ಎಫ್‌ನಲ್ಲಿ ಸಿಗುವ ಸಾಫ್ಟ್‌ವೇರ್ ಹಾಕಲು ಆನ್ಸಿಬಲ್‌ನಲ್ಲಿ ಎರಡು ಸಾಲು ಸಾಕು. ತಲೆನೋವು ಶುರುವಾಗುವುದು ತಯಾರಕರು ಬರೀ ಟಾರ್‌ಬಾಲ್ (ಹಲವು ಫೈಲುಗಳನ್ನು ಒಂದೇ ಕಟ್ಟಾಗಿಸಿದ ಫೈಲು) ಕೊಟ್ಟು ಕೈತೊಳೆದುಕೊಂಡಾಗ, ಇಲ್ಲವೇ 4 ಜಿಬಿಯ ಮಾಡೆಲ್ ಫೈಲನ್ನು 40 ಸರ್ವರ್‌ಗಳಿಗೆ ಹಂಚಬೇಕಾದಾಗ. ಆಗ ಕೈ ತಾನಾಗಿ ಕಾಪಿ ಮಾಡ್ಯೂಲ್‌ನತ್ತ ಹೋಗುತ್ತದೆ. ಫೈಲನ್ನು ರೋಲ್ (ಪ್ಲೇಬುಕ್ ಬಳಸುವ ಟಾಸ್ಕು, ಫೈಲುಗಳ ಡೈರೆಕ್ಟರಿ) ಒಳಗೆ ಹಾಕು, ಗಿಟ್‌ಗೆ ಕಮಿಟ್ ಮಾಡು, ಪ್ಲೇಬುಕ್ ಓಡಿಸು.

ಲೆಕ್ಕ ಹಾಕಿ ನೋಡಿ. 4 ಜಿಬಿ ಗುಣಿಸು 40 ಅಂದರೆ 160 ಜಿಬಿ, ಅಷ್ಟೂ ಕಂಟ್ರೋಲ್ ನೋಡ್‌ನಿಂದಲೇ ಎಸ್‌ಎಸ್‌ಎಚ್ ಮೇಲೆ ಹೋಗಬೇಕು. 1 ಗಿಗಾಬಿಟ್ ಲೈನು ಪೂರ್ತಿ ನಿಮ್ಮದೇ ಆದರೂ 21 ನಿಮಿಷ. ಫೋರ್ಕ್ಸ್ (ಒಮ್ಮೆಗೆ ಎಷ್ಟು ಸರ್ವರ್ ಎಂಬ ಸೆಟ್ಟಿಂಗ್) ಮೊದಲಿನಿಂದ 5ಕ್ಕೇ ಇರುವುದರಿಂದ ಐದೈದು ಸರ್ವರ್‌ಗಳ ಸರತಿ. ಫೈಲು ಮೊದಲು ಬೀಳುವುದು ಸರ್ವರ್‌ನಲ್ಲಿ ಲಾಗಿನ್ ಆದ ಬಳಕೆದಾರನ ಹೋಮ್ ಡೈರೆಕ್ಟರಿಯ ಟೆಂಪ್ ಜಾಗದಲ್ಲಿ. ಗುರಿ ಡಿಸ್ಕಿನಲ್ಲಿ 500 ಜಿಬಿ ಖಾಲಿ ಇದ್ದರೂ ‘ಜಾಗವಿಲ್ಲ’ ಎಂಬ ದೋಷ ಬರುವುದು ಇದಕ್ಕೇ. ಇಷ್ಟಾದ ಮೇಲೂ ಮುಂದಿನ ಪ್ರತಿ ಓಟದಲ್ಲಿ ಎರಡೂ ಕಡೆ ಎಸ್‌ಎಚ್‌ಎ1 (ಫೈಲಿನ ಒಳಗನ್ನು ಓದಿ ತೆಗೆಯುವ ಗುರುತು, ಅಂದರೆ ಹ್ಯಾಶ್ ಅಥವಾ ಚೆಕ್‌ಸಮ್) ಲೆಕ್ಕ. ಏನೂ ಬದಲಾಗಿಲ್ಲ ಎಂದು ತಿಳಿಯಲು 4 ಜಿಬಿಯನ್ನು ಮತ್ತೆ ಓದಬೇಕು.

ಗಿಟ್ ಕೂಡ ಇದಕ್ಕೆ ಜಾಗವಲ್ಲ. 100 ಎಂಬಿ ದಾಟಿದ ಫೈಲನ್ನು ಗಿಟ್‌ಹಬ್ ತಳ್ಳಿಹಾಕುತ್ತದೆ. ಅದಕ್ಕೆಂದು ಎಲ್‌ಎಫ್‌ಎಸ್ (ದೊಡ್ಡ ಫೈಲುಗಳನ್ನು ಬೇರೆಡೆ ಇಡುವ ಗಿಟ್ ವಿಸ್ತರಣೆ) ಹಾಕಿಕೊಂಡರೆ ಇನ್ನೊಂದು ಹೊಂಡ. ಕಂಟ್ರೋಲ್ ನೋಡ್‌ನಲ್ಲಿ ಎಲ್‌ಎಫ್‌ಎಸ್ ಇಲ್ಲದಿದ್ದರೆ ಕ್ಲೋನ್‌ನಲ್ಲಿ ಬರುವುದು ಅಸಲಿ ಫೈಲಲ್ಲ, ಮೂರು ಸಾಲಿನ ಪಾಯಿಂಟರ್ ಪಠ್ಯ. ಆನ್ಸಿಬಲ್ ಅದನ್ನೇ ಎಲ್ಲ ಸರ್ವರ್‌ಗೂ ನಿಷ್ಠೆಯಿಂದ ಹಂಚಿ ‘ಚೇಂಜ್ಡ್’ ಎಂದು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಗಾತ್ರ ನೂರಿಪ್ಪತ್ತು, ನೂರಮೂವತ್ತು ಬೈಟ್ ಕಂಡರೆ ಅನುಮಾನವೇ ಬೇಡ. ಇಂಥದೇ ಇನ್ನೊಂದು ಸಾಧನವಾದ ಪಪೆಟ್‌ನವರಿಗೆ ಬೇರೆಯದೇ ಕಾಟ: ‘ಬ್ಯಾಕಪ್’ ಚಾಲೂ ಇದ್ದರೆ ಫೈಲು ಬದಲಾಯಿಸುವ ಮುನ್ನ ಹಳೆಯದನ್ನು ಫೈಲ್‌ಬಕೆಟ್ ಎಂಬ ಸಂಗ್ರಹಕ್ಕೆ ಎತ್ತಿಡುವುದರಿಂದ ಡಿಸ್ಕು ಸದ್ದಿಲ್ಲದೆ ತುಂಬುತ್ತದೆ. ದೊಡ್ಡ ಫೈಲಿಗೆ ‘ಬ್ಯಾಕಪ್’ ಅನ್ನು ಫಾಲ್ಸ್ ಮಾಡಿ.

ಪ್ಲೇಬುಕ್ ಒಯ್ಯಬೇಕಾದ್ದು ಚೀಟಿಯನ್ನು ಮಾತ್ರ: ವಿಳಾಸ, ಆವೃತ್ತಿ, ಎಸ್‌ಎಚ್‌ಎ256. ಮೂಟೆ ಅಮೆಜಾನ್‌ನ ಎಸ್3 ಸಂಗ್ರಹದಲ್ಲೋ ಒಂದು ಡೈರೆಕ್ಟರಿ ತೋರಿಸುವ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲೋ ಇರಲಿ. ಪ್ರತಿ ಸರ್ವರ್ ತಾನೇ ಗೆಟ್_ಯುಆರ್‌ಎಲ್ ಮಾಡ್ಯೂಲ್‌ನಿಂದ ಎಳೆದುಕೊಳ್ಳಲಿ. ಚೆಕ್‌ಸಮ್ ಬಿಟ್ಟರೆ ಕೆಟ್ಟಿರಿ. ಅದಿಲ್ಲದಿದ್ದರೆ ಆ ಹೆಸರಿನ ಫೈಲು ಅಲ್ಲಿದೆ ಅನ್ನುವುದಷ್ಟೇ ಸಾಕು, ಮಾಡ್ಯೂಲ್ ಸುಮ್ಮನಾಗುತ್ತದೆ. ‘ಲೇಟೆಸ್ಟ್’ ಎಂದು ಹೆಸರಿಟ್ಟವರ ಸರ್ವರ್‌ಗಳಲ್ಲಿ ಒಂದೊಂದರಲ್ಲಿ ಒಂದೊಂದು ಲೇಟೆಸ್ಟ್ ಕೂತಿರುತ್ತದೆ. ಟಿಎಂಪಿ_ಡೆಸ್ಟ್ (ಇಳಿಸುವಾಗಿನ ತಾತ್ಕಾಲಿಕ ಜಾಗ) ಅನ್ನು ಗುರಿಯ ಡಿಸ್ಕಿನಲ್ಲೇ ಕೊಡಿ, ಇಲ್ಲದಿದ್ದರೆ ಮತ್ತೆ ಅದೇ ಟೆಂಪ್ ಜಾಗದ ಕಥೆ.

ಆದರೆ ಗೆಟ್_ಯುಆರ್‌ಎಲ್ ಕೂಡ ಚೆಕ್‌ಸಮ್ ಹೋಲಿಸಲು ಇರುವ ಫೈಲನ್ನು ಪ್ರತಿ ಸಲ ಪೂರ್ತಿ ಓದುತ್ತದೆ. ತಪ್ಪಿಸಲು ಫೈಲಿನ ಹೆಸರಲ್ಲೇ ಹ್ಯಾಶ್‌ನ ಮೊದಲ 12 ಅಕ್ಷರ ಸೇರಿಸಿ, ಮೊದಲು ಸ್ಟ್ಯಾಟ್ ಮಾಡ್ಯೂಲ್‌ನಿಂದ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಇಳಿಸಿ. ಚೆಕ್‌ಸಮ್ ತಪ್ಪಿದ ಫೈಲನ್ನು ಗೆಟ್_ಯುಆರ್‌ಎಲ್ ಆ ಹೆಸರಲ್ಲಿ ಉಳಿಸುವುದಿಲ್ಲ, ಹಾಗಾಗಿ ಹೆಸರನ್ನು ನಂಬಬಹುದು. ಸ್ಟ್ಯಾಟ್‌ನಲ್ಲಿ ಗೆಟ್_ಚೆಕ್‌ಸಮ್ ಅನ್ನು ಫಾಲ್ಸ್ ಮಾಡುವುದು ಮರೆಯಬೇಡಿ. ಹೇಳದಿದ್ದರೆ ಸ್ಟ್ಯಾಟ್ ತಾನೇ ಎಸ್‌ಎಚ್‌ಎ1 ಲೆಕ್ಕ ಹಾಕಲು ಕೂರುತ್ತದೆ!

ಈಗ ಟಾರ್‌ಬಾಲ್. ಸರ್ವರ್‌ನ ಅಂಕಿಅಂಶ ಕೊಡುವ ಪ್ರೊಮಿಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್ 1.8.2 ತೆಗೆದುಕೊಳ್ಳಿ. ರಿಲೀಸ್ ಪುಟದಲ್ಲೇ ಎಸ್‌ಎಚ್‌ಎ256 ಪಟ್ಟಿ ಇರುತ್ತದೆ, ಗೆಟ್_ಯುಆರ್‌ಎಲ್ ಆ ಪಟ್ಟಿಯ ವಿಳಾಸವನ್ನೇ ಚೆಕ್‌ಸಮ್ ಜಾಗದಲ್ಲಿ ಒಪ್ಪುತ್ತದೆ. ಆದರೂ ಹ್ಯಾಶನ್ನು ವೇರಿಯಬಲ್‌ನಲ್ಲಿ ಬರೆದಿಡುವುದು ಮೇಲು. ಫೈಲು ಬದಲಿಸಬಲ್ಲ ಕಳ್ಳ ಪಕ್ಕದ ಪಟ್ಟಿಯನ್ನು ಬಿಟ್ಟಾನೆಯೇ?

ಬಿಚ್ಚುವುದು ಅನ್‌ಆರ್ಕೈವ್ ಮಾಡ್ಯೂಲ್‌ನ ಕೆಲಸ. ರಿಮೋಟ್_ಎಸ್‌ಆರ್‌ಸಿ ಹಾಕದಿದ್ದರೆ ಅದು ಟಾರ್‌ಬಾಲನ್ನು ಕಂಟ್ರೋಲ್ ನೋಡ್‌ನಲ್ಲಿ ಹುಡುಕುತ್ತದೆ. ಒಳಗಿನ ಉದ್ದ ಹೆಸರಿನ ಡೈರೆಕ್ಟರಿ ಬೇಡವಾದ್ದರಿಂದ ಸ್ಟ್ರಿಪ್-ಕಾಂಪೊನೆಂಟ್ಸ್ 1 ಕೊಡಿ. ಓನರ್ ರೂಟ್ ಎಂದು ಹೇಳಲೇಬೇಕು: ಟಾರ್ ರೂಟ್ ಆಗಿ ಓಡುವಾಗ ಬಿಲ್ಡ್ ಮಾಡಿದವರ ಯುಐಡಿಯನ್ನು (ಬಳಕೆದಾರ ಸಂಖ್ಯೆ) ಹಾಗೇ ಉಳಿಸುತ್ತದೆ, ನಿಮ್ಮ ಸರ್ವರ್‌ನಲ್ಲಿ ಅದೇ ನಂಬರಿನ ಬೇರೆ ಯಾರೋ ಆ ಬೈನರಿಯ ಒಡೆಯರಾಗುತ್ತಾರೆ. ‘ಕ್ರಿಯೇಟ್ಸ್’ (ಇದು ಆಗಲೇ ಇದ್ದರೆ ಬಿಚ್ಚಬೇಡ ಎಂಬ ಸೂಚನೆ) ಇಲ್ಲದಿದ್ದರೆ ಪ್ರತಿ ಓಟದಲ್ಲೂ ಟಾರ್‌ಬಾಲನ್ನು ಡಿಸ್ಕಿನ ಫೈಲುಗಳ ಜೊತೆ ಹೋಲಿಸುತ್ತದೆ. ದೊಡ್ಡದಾದರೆ ಅದೂ ನಿಧಾನ.

ಹೆಚ್ಚಿನವರು ಜಾರುವುದು ಇದೇ ‘ಕ್ರಿಯೇಟ್ಸ್’ನಲ್ಲಿ. ಅದು ಡೈರೆಕ್ಟರಿಯನ್ನು ತೋರಿಸುತ್ತಿದ್ದು, ಬಿಚ್ಚುವಾಗ ಅರ್ಧದಲ್ಲಿ ಡಿಸ್ಕು ತುಂಬಿತು ಅಂದುಕೊಳ್ಳಿ. ಡೈರೆಕ್ಟರಿ ಇದೆ, ಒಳಗೆ ಅರ್ಧ ಬೈನರಿ. ಮುಂದಿನ ಓಟದಲ್ಲಿ ‘ಇದೆಯಲ್ಲ’ ಎಂದು ಆನ್ಸಿಬಲ್ ಮುಂದೆ ಹೋಗುತ್ತದೆ, ದೋಷವನ್ನೇ ತೋರಿಸದೆ. ಪರಿಹಾರ ಹೀಗೆ: ಆವೃತ್ತಿಯ ಅಂತಿಮ ಡೈರೆಕ್ಟರಿ ಇಲ್ಲದಿದ್ದರೆ ಮಾತ್ರ ಓಡುವ ಒಂದು ಬ್ಲಾಕ್ (ಟಾಸ್ಕ್‌ಗಳ ಗುಂಪು) ಬರೆಯಿರಿ. ಅದರೊಳಗೆ ಕೊನೆಗೆ ‘.ಪಾರ್ಟ್’ ಇರುವ ಹಳೆಯ ಡೈರೆಕ್ಟರಿ ಉಳಿದಿದ್ದರೆ ಅಳಿಸಿ, ಹೊಸದು ಮಾಡಿ, ಅಲ್ಲೇ ಬಿಚ್ಚಿ, ಕೊನೆಯಲ್ಲಿ ಎಂವಿ ಕಮಾಂಡ್‌ನಿಂದ ಅಂತಿಮ ಹೆಸರಿಗೆ ಬದಲಿಸಿ. ಎರಡೂ ಒಂದೇ ಫೈಲ್‌ಸಿಸ್ಟಂನಲ್ಲಿದ್ದರೆ ಹೆಸರು ಬದಲಿಸುವುದು ಅರ್ಧಕ್ಕೆ ನಿಲ್ಲುವ ಕೆಲಸವಲ್ಲ. ಬಿಚ್ಚುವುದಕ್ಕೆ ಬ್ಲಾಕೇ ಕಾವಲು, ಅಲ್ಲಿ ‘ಕ್ರಿಯೇಟ್ಸ್’ ಬೇಡ.

ನಂತರ /ಆಪ್ಟ್ ಕೆಳಗೆ ಆವೃತ್ತಿಯಿಲ್ಲದ ಹೆಸರಿನ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಬೆರಳು ತೋರಿಸುವ ಕೊಂಡಿ) ಹೊಸ ಡೈರೆಕ್ಟರಿಯನ್ನು ತೋರಿಸಲಿ, ಪ್ರೋಗ್ರಾಂ ಓಡಿಸುವ ಸಿಸ್ಟಮ್‌ಡಿ ಯೂನಿಟ್ ಆ ಲಿಂಕನ್ನು ನೋಡಲಿ. ರೀಸ್ಟಾರ್ಟ್ ಹ್ಯಾಂಡ್ಲರ್ ಕರೆಯುವ ನೋಟಿಫೈ ಇರಬೇಕಾದ್ದು ಲಿಂಕ್ ಬದಲಿಸುವ ಟಾಸ್ಕ್‌ನಲ್ಲಿ, ಡೌನ್‌ಲೋಡ್‌ನಲ್ಲಲ್ಲ. ಓಡುತ್ತಿರುವ ಬೈನರಿಯ ಮೇಲೆಯೇ ಸಿಪಿ ಮಾಡಿದರೆ ಬರುವ ‘ಟೆಕ್ಸ್ಟ್ ಫೈಲ್ ಬ್ಯುಸಿ’ ದೋಷವೂ ಇಲ್ಲಿ ತಲೆದೋರುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು: ಪ್ರೋಗ್ರಾಂ ಆಗಿದ್ದರೆ ಎಫ್‌ಪಿಎಂ ಎಂಬ ಪ್ಯಾಕೇಜ್ ಕಟ್ಟುವ ಸಾಧನ ಬಳಸಿ ಡೆಬ್ (ಆ್ಯಪ್ಟ್ ಹಾಕುವ ಪ್ಯಾಕೇಜ್) ಮಾಡಿಬಿಡುವುದೇ ನೆಮ್ಮದಿ. ಮೂಲ ‘ಡಿಐಆರ್’, ಗುರಿ ‘ಡೆಬ್’, ಹೆಸರು, ಆವೃತ್ತಿ, ಪ್ರಿಫಿಕ್ಸ್, ಇಷ್ಟು ಕೊಟ್ಟರೆ ಪ್ಯಾಕೇಜ್ ಸಿದ್ಧ. ಅದನ್ನು ಆ್ಯಪ್ಟ್ಲಿ ಎಂಬ ಸಾಧನದಿಂದ ನಿಮ್ಮದೇ ರೆಪೊಗೆ (ಪ್ಯಾಕೇಜ್ ಭಂಡಾರ) ಹಾಕಿ. ತೆಗೆಯುವುದು, ಯಾವ ಆವೃತ್ತಿ ಎಲ್ಲಿದೆ ಎಂದು ನೋಡುವುದು ಎಲ್ಲ ಪುಕ್ಕಟೆ. ಡೇಟಾಗೆ ಮಾತ್ರ ಇದು ಬೇಡ. ಡೆಬ್ ಒಳಗಿನ ಒಂದು ಭಾಗ 9536 ಎಂಐಬಿ ಮೀರುವಂತಿಲ್ಲ, ಏಕೆಂದರೆ ಅದರ ಎಆರ್ ಹೊದಿಕೆಯಲ್ಲಿ ಗಾತ್ರ ಬರೆಯಲು ಇರುವುದು ಹತ್ತೇ ಅಂಕಿಯ ಜಾಗ. ಆ ಮಿತಿಯೊಳಗಿನ ಮಾಡೆಲ್ ಫೈಲನ್ನು ಹಟ ಹಿಡಿದು ಹಾಕುವವರು ಡೆಬ್ ಕಂಪ್ರೆಶನ್ ‘ನನ್’ ಕೊಡಿ. ಕುಗ್ಗದ ಫೈಲನ್ನು ಕುಗ್ಗಿಸಲು ಸಿಪಿಯು ಸುಡುವುದು ವ್ಯರ್ಥ.

ಟಾರ್‌ಬಾಲ್ ದಾರಿಯಲ್ಲೇ ಉಳಿದವರು ಹಳೆಯ ಆವೃತ್ತಿಗಳ ಗುಡಿಸುವಿಕೆಯನ್ನೂ ಪ್ಲೇಬುಕ್‌ನಲ್ಲೇ ಬರೆಯಬೇಕು. ಆನ್ಸಿಬಲ್ ತಾನಾಗಿ ಏನನ್ನೂ ತೆಗೆಯುವುದಿಲ್ಲ. ಫೈಂಡ್ ಮಾಡ್ಯೂಲ್‌ನಿಂದ ಡೈರೆಕ್ಟರಿಗಳನ್ನು ಹುಡುಕಿ, ಕೊನೆಯ ಎರಡು ಬಿಟ್ಟು ಉಳಿದವನ್ನು ಅಳಿಸಿ. ಅದಕ್ಕೆ ಮೊದಲು ಸಿಮ್‌ಲಿಂಕ್ ಈಗ ಎಲ್ಲಿಗೆ ತೋರಿಸುತ್ತಿದೆ ಎಂದು ಸ್ಟ್ಯಾಟ್‌ನಿಂದ ಓದಿ, ಅದನ್ನು ಪಟ್ಟಿಯಿಂದ ಹೊರಗಿಡಿ. ಎರಡು ವಾರದ ಹಿಂದೆ ರೋಲ್‌ಬ್ಯಾಕ್ (ಹಳೆಯ ಆವೃತ್ತಿಗೆ ಮರಳುವುದು) ಆಗಿದ್ದರೆ, ಓಡುತ್ತಿರುವುದೇ ಎಲ್ಲಕ್ಕಿಂತ ಹಳೆಯದಾಗಿರಬಹುದು.